ಬೆರಳ ಮೇಲೆ ಬೆರಳು: ಪಾದವನ್ನು ಮನೆಯಲ್ಲಿ ಪರೀಕ್ಷಿಸುವ ಬಗೆ, ವೈದ್ಯರನ್ನು ಕಾಣಬೇಕಾದ ಹೊತ್ತು

ಒಂದು ಕಾಲ್ಬೆರಳು ಪಕ್ಕದ ಬೆರಳಿನ ಮೇಲೇರಿ ಕುಳಿತಿರುವುದು ಕಣ್ಣಿಗೆ ಬಿದ್ದಾಗ, ನೋವಿದೆಯೇ ಎಂದು ವಿಚಾರಿಸುವುದಕ್ಕೂ ಮೊದಲು ಅದು ಎಂದಿನಿಂದ ಹಾಗಿದೆ ಎಂಬುದನ್ನು ತಿಳಿದುಕೊಳ್ಳಬೇಕು. ಹುಟ್ಟಿನಿಂದಲೇ ಹಾಗಿರುವ ಬೆರಳೂ ನಲವತ್ತು ದಾಟಿದ ಮೇಲೆ ಹಾಗಾದ ಬೆರಳೂ ನೋಡಲು ಒಂದೇ ರೀತಿ ಇರಬಹುದು. ಅವುಗಳ ಕಾರಣ, ತುರ್ತು ಮತ್ತು ಆರೈಕೆ ಮಾತ್ರ ಬೇರೆಬೇರೆ. ನೆನಪು ಕೈಕೊಟ್ಟರೆ ಹಳೆಯ ಮದುವೆಯ ಆಲ್ಬಮ್ ತೆರೆಯಿರಿ. ಕಾಲು ತೊಳೆಯುವ, ಕಾಲುಂಗುರ ತೊಡಿಸುವ ಚಿತ್ರಗಳಲ್ಲಿ ಅಂದಿನ ಪಾದ ಸ್ಪಷ್ಟವಾಗಿ ಕಾಣುತ್ತದೆ, ಮತ್ತು ಯಾವ ವರ್ಷದವರೆಗೆ ಬೆರಳು ನೆಟ್ಟಗಿತ್ತು ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಸಿಗುವುದು ಕಷ್ಟ.

ಹುಟ್ಟಿನಿಂದ ಬರುವುದು ಹೆಚ್ಚಾಗಿ ಕಿರುಬೆರಳಿನದು. ಬೆರಳನ್ನು ಮೇಲಕ್ಕೆಳೆಯುವ ಸ್ನಾಯುರಜ್ಜು, ಕೀಲಿನ ಹೊದಿಕೆ ಮತ್ತು ಬುಡದ ಚರ್ಮ ಬಿಗಿಯಾಗಿರುವುದರಿಂದ ಕಿರುಬೆರಳು ನಾಲ್ಕನೆಯ ಬೆರಳನ್ನು ಏರಿ ಓರೆಯಾಗಿ ಮಲಗುತ್ತದೆ. ಇದು ಮನೆತನದಲ್ಲಿ ಹರಿದು ಬರುವುದುಂಟು. ಮಗುವಿನ ಪಾದ ನೋಡಿ ಗಾಬರಿಯಾಗುವ ಮೊದಲು ಅಜ್ಜ, ಅಜ್ಜಿ, ಸೋದರತ್ತೆಯರ ಪಾದಗಳನ್ನೊಮ್ಮೆ ನೋಡುವುದು ಒಳಿತು. ಸಾಮುದ್ರಿಕದ ಹೆಸರಿನಲ್ಲಿ ಬೆರಳಿನ ಆಕಾರಕ್ಕೆ ಅದೃಷ್ಟ, ದುರದೃಷ್ಟಗಳನ್ನು ಕಟ್ಟುವವರ ಮಾತಿಗೆ ಇಲ್ಲಿ ಬೆಲೆ ಕೊಡಬೇಕಾಗಿಲ್ಲ. ಮೂರನೆಯ ಅಥವಾ ನಾಲ್ಕನೆಯ ಬೆರಳು ಪಕ್ಕದ ಬೆರಳಿನ ಅಡಿಗೆ ಸುರುಳಿಯಾಗಿ ತಿರುಗಿರುವುದು ಇನ್ನೊಂದು ಬಗೆ. ಅದು ಎಷ್ಟೋ ಮಕ್ಕಳಲ್ಲಿ ನಡೆದಾಡುತ್ತಾ, ಬೆಳೆಯುತ್ತಾ ತಾನೇ ಸಡಿಲವಾಗುತ್ತದೆ. ಹುಟ್ಟಿದ ಮೊದಲ ಕೆಲವು ತಿಂಗಳಲ್ಲಿ ಮೃದುವಾದ ಪೇಪರ್ ಟೇಪಿನಿಂದ ಬೆರಳನ್ನು ಸರಿಯಾದ ಜಾಗದಲ್ಲಿ ನಿಲ್ಲಿಸುವ ಪ್ರಯತ್ನವನ್ನು ಕೆಲವು ವೈದ್ಯರು ಸೂಚಿಸುತ್ತಾರೆ. ಹಾಗೆ ಕಟ್ಟುವುದನ್ನು ಅವರಿಂದಲೇ ಕಲಿಯಬೇಕು, ಮತ್ತು ಕಟ್ಟಿದ ಮೇಲೆ ಬೆರಳ ತುದಿಯನ್ನು ಒತ್ತಿ ಬಿಟ್ಟಾಗ ಎರಡು ಮೂರು ಸೆಕೆಂಡಿನೊಳಗೆ ಬಣ್ಣ ಮರಳುತ್ತದೆಯೇ ಎಂದು ನೋಡಬೇಕು. ದಾರವನ್ನಂತೂ ಕಟ್ಟಲೇಬಾರದು, ಕಾಲುಚೀಲದೊಳಗಿನ ಒಂದು ಎಳೆ ಅಥವಾ ತಾಯಿಯ ತಲೆಗೂದಲು ಸುತ್ತಿಕೊಂಡರೂ ಎಳೆಯ ಬೆರಳಿನ ರಕ್ತಸಂಚಾರ ನಿಂತುಹೋಗಬಲ್ಲದು.

ದೊಡ್ಡವರಾದ ಮೇಲೆ ಬೆರಳು ಏರುವುದಕ್ಕೆ ಕಾರಣ ಸಾಮಾನ್ಯವಾಗಿ ಹೆಬ್ಬೆರಳಿನಲ್ಲಿರುತ್ತದೆ. ಅದರ ಬುಡದ ಮೂಳೆ ಪಾದದ ಒಳಬದಿಗೆ ಗುಬುಟಾಗಿ ಚಾಚಿಕೊಂಡು, ಬೆರಳ ತುದಿ ಮಾತ್ರ ಉಳಿದ ಬೆರಳುಗಳ ಕಡೆಗೆ ವಾಲುತ್ತದೆ. ನಿಲ್ಲಲು ಜಾಗವಿಲ್ಲದ ಎರಡನೆಯ ಬೆರಳು ಹೆಬ್ಬೆರಳಿನ ಮೇಲೇರುತ್ತದೆ. ವೈದ್ಯರು ಈ ಗುಬುಟನ್ನು ಬನಿಯನ್ ಎನ್ನುತ್ತಾರೆ. ಅಂಗಿಯೊಳಗೆ ತೊಡುವುದಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದು ಹೇಳದಿದ್ದರೆ ಮನೆಗೆ ಬಂದು ವಿವರಿಸುವಾಗ ಗೊಂದಲವಾಗುತ್ತದೆ. ಇದು ಹೆಂಗಸರಲ್ಲಿ ಹೆಚ್ಚು. ಇದರ ಬೀಜ ಹೆಚ್ಚಾಗಿ ವಂಶದಲ್ಲಿರುತ್ತದೆ, ಮುಂಭಾಗ ಚೂಪಾದ ಬಿಗಿ ಪಾದರಕ್ಷೆ ಅದಕ್ಕೆ ನೀರೆರೆಯುತ್ತದೆ. ಇಲ್ಲಿ ಎರಡನೆಯ ಬೆರಳೊಂದನ್ನೇ ಕೆಳಗೆ ಒತ್ತಿ ಕಟ್ಟಿ ಪ್ರಯೋಜನವಿಲ್ಲ. ಜಾಗವನ್ನು ಆಕ್ರಮಿಸಿರುವುದು ಹೆಬ್ಬೆರಳು.

ಹೆಬ್ಬೆರಳು ನೆಟ್ಟಗಿದ್ದೂ ಎರಡನೆಯ ಬೆರಳು ಕೆಲವು ವಾರ ಅಥವಾ ತಿಂಗಳುಗಳಲ್ಲಿ ಸರಿಯುತ್ತಾ ಬಂದಿದ್ದರೆ ಹೆಚ್ಚು ಗಮನ ಕೊಡಬೇಕು. ಬೆರಳಿನ ಬುಡದ ಕೀಲಿನ ಅಡಿಯಲ್ಲಿ ಅದನ್ನು ನೆಲದತ್ತ ಹಿಡಿದಿಡುವ ಗಟ್ಟಿಯಾದ ತಟ್ಟೆಯಂಥ ಅಂಗಾಂಶವೊಂದಿದೆ. ಅದು ಸವೆದು ಹರಿಯತೊಡಗಿದಾಗ ಮೊದಲು ತೋರುವುದು ಬೆರಳಿನ ಓರೆಯಲ್ಲ, ಅಂಗಾಲಿನ ನೋವು. ಚಪ್ಪಲಿಯೊಳಗೆ ಕಲ್ಲು ಸಿಕ್ಕಿಕೊಂಡಂತೆ ಅನ್ನಿಸುತ್ತದೆ, ತೆಗೆದು ಕೊಡವಿದರೆ ಏನೂ ಇರುವುದಿಲ್ಲ. ಈ ಹಂತದಲ್ಲೇ ವೈದ್ಯರನ್ನು ಕಂಡರೆ ಬೆರಳನ್ನು ಕೆಳಮುಖವಾಗಿ ಟೇಪಿನಿಂದ ಹಿಡಿಸಿ, ಬಾಗದ ಗಟ್ಟಿ ಅಟ್ಟೆಯ ಪಾದರಕ್ಷೆ ಕೊಟ್ಟು ಆ ತಟ್ಟೆ ಇನ್ನಷ್ಟು ಹರಿಯದಂತೆ ತಡೆಯುವ ಅವಕಾಶವಿರುತ್ತದೆ. ಈ ನೋವನ್ನು ‘ಹೆಚ್ಚು ನಡೆದದ್ದಕ್ಕೆ’ ಎಂದು ಆರು ತಿಂಗಳು ತಳ್ಳುವುದೇ ನಾವು ಮಾಡುವ ದೊಡ್ಡ ತಪ್ಪು ಎಂದು ನನಗನ್ನಿಸುತ್ತದೆ. ಕೀಲಿಗೆ ಸ್ಟೀರಾಯ್ಡ್ ಇಂಜೆಕ್ಷನ್ ಸೂಚಿಸಿದರೆ, ಅದರಿಂದ ಈ ತಟ್ಟೆ ಇನ್ನಷ್ಟು ದುರ್ಬಲವಾಗುವ ಸಾಧ್ಯತೆಯ ಬಗ್ಗೆ ಕೇಳಿ ತಿಳಿದುಕೊಳ್ಳಿ.

ಬೆಳಿಗ್ಗೆ ಎದ್ದಾಗ ಕೈಬೆರಳುಗಳೂ ಅರ್ಧ ಗಂಟೆಗಿಂತ ಹೆಚ್ಚು ಹೊತ್ತು ಬಿಗಿಯಾಗಿ, ಊದಿಕೊಂಡಿದ್ದರೆ ಕಾಲ್ಬೆರಳು ಸರಿದದ್ದಕ್ಕೆ ಕಾರಣ ರುಮಟಾಯ್ಡ್ ಸಂಧಿವಾತವಿರಬಹುದು. ಸಕ್ಕರೆ ಕಾಯಿಲೆಯಿಂದಲೋ ಕುಷ್ಠರೋಗದಿಂದಲೋ ನರ ಸೊರಗಿದರೆ ಪಾದದ ಸಣ್ಣ ಸ್ನಾಯುಗಳು ಬಲಗುಂದಿ ಬೆರಳುಗಳು ಕೊಕ್ಕೆಯಂತೆ ಮಡಚಿಕೊಳ್ಳುತ್ತವೆ. ಚರ್ಮದ ಮೇಲೆ ಸ್ಪರ್ಶ ತಿಳಿಯದ ಮಚ್ಚೆಯಿದ್ದರೆ ಸಂಕೋಚಪಡದೆ ಸರ್ಕಾರಿ ಆಸ್ಪತ್ರೆಗೆ ಹೋಗಬೇಕು; ಕುಷ್ಠಕ್ಕೆ ಅಲ್ಲಿ ಔಷಧ ಉಚಿತ, ಮತ್ತು ಅದು ಗುಣವಾಗುವ ಕಾಯಿಲೆ.

ಮನೆಯಲ್ಲಿ ಪರೀಕ್ಷಿಸಲು ಸಂಜೆಯ ಹೊತ್ತು ಒಳ್ಳೆಯದು, ಏಕೆಂದರೆ ದಿನವಿಡೀ ಓಡಾಡಿದ ಪಾದ ಅಷ್ಟು ಹೊತ್ತಿಗೆ ತುಸು ಊದಿರುತ್ತದೆ. ಬರಿಗಾಲಿನಲ್ಲಿ ನಿಂತು, ಭಾರ ಬಿದ್ದಾಗ ಬೆರಳು ಎಷ್ಟು ಏರುತ್ತದೆ ಎಂದು ನೋಡಿ. ಕುಳಿತಾಗ ಕಾಣುವ ಪಾದ ನಿಂತಾಗಿನದಕ್ಕಿಂತ ಬೇರೆಯೇ ಇರುತ್ತದೆ. ಆಮೇಲೆ ಕುಳಿತು, ಏರಿದ ಬೆರಳನ್ನು ಎರಡು ಬೆರಳುಗಳಲ್ಲಿ ಹಿಡಿದು ಮೆಲ್ಲಗೆ ಅದರ ಜಾಗಕ್ಕೆ ತನ್ನಿ. ಸುಲಭವಾಗಿ ಬಂದರೆ ಕೀಲು ಇನ್ನೂ ಮೆತ್ತಗಿದೆ, ಟೇಪು ಮತ್ತು ಪಾದರಕ್ಷೆಯ ಬದಲಾವಣೆಯಿಂದ ಅನುಕೂಲವಾಗಬಹುದು. ಬಾರದೆ ಗಟ್ಟಿಯಾಗಿ ನಿಂತರೆ ಬಲವಂತ ಮಾಡಬೇಡಿ. ಅಂಥ ಬೆರಳನ್ನು ವ್ಯಾಯಾಮವಾಗಲಿ ಅಂಗಡಿಯಲ್ಲಿ ಮಾರುವ ಸಿಲಿಕಾನ್ ತುಂಡಾಗಲಿ ನೆಟ್ಟಗೆ ಮಾಡಲಾರದು. ಸಿಲಿಕಾನ್ ತುಂಡು ಎರಡು ಬೆರಳುಗಳ ನಡುವಿನ ಉಜ್ಜಾಟವನ್ನು ತಪ್ಪಿಸುತ್ತದೆ, ಅದಕ್ಕೆ ಅಷ್ಟೇ ಕೆಲಸ.

ಇನ್ನು ಸ್ಪರ್ಶದ ಪರೀಕ್ಷೆ. ಇಂಗ್ಲೆಂಡಿನ ಇಪ್ಸ್‌ವಿಚ್ ಊರಿನ ಹೆಸರಿನಲ್ಲಿರುವ ಈ ವಿಧಾನಕ್ಕೆ ಯಾವ ಉಪಕರಣವೂ ಬೇಡ. ಪರೀಕ್ಷೆಗೆ ಒಳಗಾಗುವವರು ಕಣ್ಣು ಮುಚ್ಚಿರಬೇಕು. ಮನೆಯ ಇನ್ನೊಬ್ಬರು ಎರಡೂ ಪಾದಗಳ ಹೆಬ್ಬೆರಳು, ನಡುಬೆರಳು ಮತ್ತು ಕಿರುಬೆರಳಿನ ತುದಿಯನ್ನು ತಮ್ಮ ತೋರುಬೆರಳಿನಿಂದ ಒಂದೆರಡು ಸೆಕೆಂಡು ಹಗುರವಾಗಿ, ಒತ್ತದೆ, ತಿವಿಯದೆ ಮುಟ್ಟಬೇಕು. ಆರರಲ್ಲಿ ಎರಡು ಅಥವಾ ಹೆಚ್ಚು ಕಡೆ ತಿಳಿಯದಿದ್ದರೆ ಪಾದದ ಸಂವೇದನೆ ಕುಗ್ಗಿದೆ ಎಂದರ್ಥ, ಮತ್ತು ಆಗ ಬೆರಳಿನ ಆಕಾರ ಹಿಂದೆ ಸರಿದು ಚರ್ಮದ ರಕ್ಷಣೆ ಮುಂದಿನ ಸಾಲಿಗೆ ಬರುತ್ತದೆ.

ಪಾದರಕ್ಷೆ ಆರಿಸುವಾಗ ಒಂದು ಕಾಗದದ ಮೇಲೆ ನಿಂತು, ಪೆನ್ಸಿಲನ್ನು ನೇರವಾಗಿ ಹಿಡಿದು ಪಾದದ ಸುತ್ತ ಗೆರೆ ಎಳೆಸಿ, ಆ ಆಕಾರವನ್ನು ಕತ್ತರಿಸಿ ಅಂಗಡಿಗೆ ಒಯ್ಯಿರಿ. ಶೂ ಒಳಗೆ ಇಟ್ಟಾಗ ಕಾಗದ ಮಡಚಿಕೊಂಡರೆ ಬೆರಳೂ ಹಾಗೆಯೇ ಮಡಚಿಕೊಳ್ಳುತ್ತದೆ. ಅತಿ ಉದ್ದದ ಬೆರಳಿನ ಮುಂದೆ ಸುಮಾರು 1 ಸೆಂಟಿಮೀಟರ್ ಜಾಗ ಉಳಿಯಬೇಕು. ಏರಿದ ಬೆರಳಿಗೆ ಅಗಲದ ಜೊತೆಗೆ ಮೇಲ್ಭಾಗದಲ್ಲಿ ಎತ್ತರವೂ ಬೇಕು, ಇದನ್ನು ಅಂಗಡಿಯವರು ಸಾಮಾನ್ಯವಾಗಿ ಕೇಳುವುದಿಲ್ಲ. ಹವಾಯಿ ಚಪ್ಪಲಿಯಲ್ಲಿ ಬೆರಳಿಗೆ ಒತ್ತಡವಿಲ್ಲವೆಂದು ಭಾವಿಸುತ್ತೇವೆ, ಆದರೆ ಅದು ಜಾರದಂತೆ ಹಿಡಿಯಲು ಬೆರಳುಗಳು ಪ್ರತಿ ಹೆಜ್ಜೆಗೂ ಮಡಚಿಕೊಳ್ಳಬೇಕಾಗುತ್ತದೆ. ಹಿಮ್ಮಡಿಗೆ ಪಟ್ಟಿಯಿರುವ ಸ್ಯಾಂಡಲ್ ಮೇಲು. ಜೂನ್ ತಿಂಗಳಲ್ಲಿ ಕೊಂಡ ಶಾಲೆಯ ಶೂ ಮಾರ್ಚ್‌ವರೆಗೆ ಸರಿಹೋಗುತ್ತದೆಂಬ ಭರವಸೆ ಬೇಡ, ಮೂರು ನಾಲ್ಕು ತಿಂಗಳಿಗೊಮ್ಮೆ ಮಗುವಿನ ಬೆರಳನ್ನು ನೋಡಿ. ಏರಿದ ಬೆರಳಿನಲ್ಲಿ ಕಾಲುಂಗುರವಿದ್ದರೆ ಆಗಾಗ ತೆಗೆದು ಅಡಿಯ ಚರ್ಮವನ್ನು ನೋಡಬೇಕು. ಬೆರಳು ಊದತೊಡಗಿದರೆ ಸೋಪಿನ ನೀರಿನಲ್ಲಿ ಜಾರಿಸಿ ತೆಗೆಯಿರಿ, ಬಾರದಿದ್ದರೆ ಅಕ್ಕಸಾಲಿಗರಿಂದ ಕತ್ತರಿಸಿ ತೆಗೆಸುವುದಕ್ಕೆ ಹಿಂಜರಿಯಬೇಡಿ.

ಬೆರಳು ಉಜ್ಜಿದ ಕಡೆ ಆಣಿ ಬೆಳೆಯುತ್ತದೆ. ಅದನ್ನು ಬ್ಲೇಡಿನಿಂದ ಕೆತ್ತುವುದು ಬಹಳ ಮನೆಗಳ ಅಭ್ಯಾಸ, ಮತ್ತು ಕೀವಾಗುವುದಕ್ಕೆ ನೇರ ದಾರಿ. ಔಷಧದ ಅಂಗಡಿಯಲ್ಲಿ ಸಿಗುವ, ಆಣಿಗೆ ಅಂಟಿಸುವ ಕಾರ್ನ್ ಕ್ಯಾಪ್ ಪಟ್ಟಿಯಲ್ಲಿ ಸ್ಯಾಲಿಸಿಲಿಕ್ ಆಮ್ಲವಿರುತ್ತದೆ. ಅದು ಆಣಿಯನ್ನೂ ಆರೋಗ್ಯವಂತ ಚರ್ಮವನ್ನೂ ಒಂದೇ ಸಮನೆ ತಿನ್ನುವುದರಿಂದ ಸಕ್ಕರೆ ಕಾಯಿಲೆ ಇರುವವರು ಅಂಟಿಸಲೇಬಾರದು. ಮಳೆಗಾಲದಲ್ಲಿ ಗದ್ದೆ, ತೋಟಗಳಲ್ಲಿ ದುಡಿಯುವವರ ಒತ್ತಿಕೊಂಡ ಬೆರಳ ಸಂದಿಯಲ್ಲಿ ಕೆಸರು ಹುಣ್ಣು ಬೇಗ ಏಳುತ್ತದೆ. ತೊಳೆದ ಮೇಲೆ ಆ ಸಂದಿಯನ್ನು ಬಟ್ಟೆಯಿಂದ ಪೂರ್ತಿ ಒಣಗಿಸುವುದು ಮುಲಾಮಿಗಿಂತ ಮೊದಲ ಕೆಲಸ.

ಬೆರಳು ಹೊಸದಾಗಿ ಸರಿಯುತ್ತಿದ್ದರೆ, ಪಾದರಕ್ಷೆ ಬದಲಿಸಿದ ಮೂರು ನಾಲ್ಕು ವಾರಗಳ ನಂತರವೂ ನೋವು ಉಳಿದರೆ, ಆಣಿ ಮತ್ತೆ ಮತ್ತೆ ಬಂದರೆ, ಅಥವಾ ನೋವಿಗೆ ಹೆದರಿ ನಡೆಯುವ ರೀತಿಯೇ ಬದಲಾಗಿದ್ದರೆ ಮೂಳೆ ತಜ್ಞರನ್ನು ಕಾಣಬೇಕು. ಬೆರಳು ಕಪ್ಪು ಅಥವಾ ನೀಲಿಗಟ್ಟುವುದು, ಹುಣ್ಣಿನಿಂದ ಕೀವು ಅಥವಾ ದುರ್ವಾಸನೆ ಬರುವುದು, ಕೆಂಪು ಬಣ್ಣ ಪಾದದ ಮೇಲಕ್ಕೆ ಹರಡುವುದು, ಜ್ವರ ಜೊತೆಗೂಡುವುದು, ಒಂದೇ ಪಾದ ಬಿಸಿಯಾಗಿ ಊದಿಕೊಳ್ಳುವುದು, ಇವುಗಳಲ್ಲಿ ಯಾವುದು ಕಂಡರೂ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಸಕ್ಕರೆ ಕಾಯಿಲೆಯವರು ನೋವಿಲ್ಲ ಎಂಬ ಕಾರಣಕ್ಕೆ ತಡಮಾಡಬಾರದು. ಎರಡನೆಯ ಮಹಾಯುದ್ಧದ ನಂತರ ವೆಲ್ಲೂರಿಗೆ ಬಂದ ಶಸ್ತ್ರವೈದ್ಯ ಪಾಲ್ ಬ್ರಾಂಡ್ ಕುಷ್ಠರೋಗಿಗಳನ್ನು ನೋಡುತ್ತಾ ಕಂಡುಕೊಂಡದ್ದು ಇದನ್ನೇ: ಅವರ ಬೆರಳುಗಳು ರೋಗದಿಂದ ತಾವಾಗಿ ಕೊಳೆಯುತ್ತಿರಲಿಲ್ಲ, ನೋವು ತಿಳಿಯದ ಕಾರಣ ಗಾಯದ ಮೇಲೆ ಗಾಯವಾಗಿ ಹಾಳಾಗುತ್ತಿದ್ದವು. ಸಕ್ಕರೆ ಕಾಯಿಲೆಯ ಪಾದಕ್ಕೆ ಇಂದು ಬರೆದುಕೊಡುವ ಎಂ.ಸಿ.ಆರ್. (ಮೈಕ್ರೋ ಸೆಲ್ಯುಲಾರ್ ರಬ್ಬರ್) ಚಪ್ಪಲಿಯ ಮೆತ್ತನೆಯ ರಬ್ಬರಿನ ಹಿಂದೆ ಆ ರೋಗಿಗಳ ಅನುಭವವಿದೆ.

ಪಾದಕ್ಕೆಂದೇ ಮೀಸಲಾದ ಪೋಡಿಯಾಟ್ರಿ ವಿಭಾಗಗಳು ನಮ್ಮಲ್ಲಿ ಇನ್ನೂ ವಿರಳ. ಬೆಂಗಳೂರಿನಲ್ಲಿ ರಾಜ್ಯ ಸರ್ಕಾರದ ಕರ್ನಾಟಕ ಎಂಡೋಕ್ರೈನಾಲಜಿ ಮತ್ತು ಸಂಶೋಧನಾ ಸಂಸ್ಥೆಯಲ್ಲಿ ಸಕ್ಕರೆ ಕಾಯಿಲೆಯವರ ಪಾದಗಳನ್ನು ನೋಡುವ ಅಂಥ ವಿಭಾಗವಿದೆ. ಉಳಿದೆಡೆ ಮೂಳೆ ತಜ್ಞರು ಅಥವಾ ಶಸ್ತ್ರವೈದ್ಯರೇ ಆಸರೆ. ಎಕ್ಸ್‌ರೇಯನ್ನು ನಿಂತ ಭಂಗಿಯಲ್ಲಿ ತೆಗೆಯುತ್ತಾರೆಯೇ ಎಂದು ಕೇಳಿ. ಶಸ್ತ್ರಚಿಕಿತ್ಸೆಯ ಮಾತು ಬಂದರೆ ಹೆಬ್ಬೆರಳನ್ನೂ ಸರಿಪಡಿಸುವರೋ ಎರಡನೆಯದನ್ನಷ್ಟೇ ಮುಟ್ಟುವರೋ ಎಂಬುದನ್ನೂ ತಿಳಿದುಕೊಳ್ಳಿ. ಜಾಗ ಮಾಡಿಕೊಡದೆ ಇಳಿಸಿದ ಬೆರಳು ಮತ್ತೆ ಏರಬಹುದು. ಬೆರಳಿನೊಳಗೆ ತಂತಿ ಕೂರಿಸಿದರೆ ಅದು ನಾಲ್ಕರಿಂದ ಆರು ವಾರ ತುದಿಯಿಂದ ಹೊರಚಾಚಿಕೊಂಡಿರುತ್ತದೆ, ಊತ ಹಲವು ತಿಂಗಳು ಉಳಿಯುತ್ತದೆ. ಆ ದಿನಗಳಲ್ಲಿ ನೆಲದ ಮೇಲೆ ಕೂತು ಏಳುವುದು, ಕುಕ್ಕರಗಾಲಿನ ಶೌಚಾಲಯ ಬಳಸುವುದು ಕಷ್ಟವಾದ್ದರಿಂದ ಕಮೋಡಿನ ಏರ್ಪಾಡನ್ನು ಮೊದಲೇ ಮಾಡಿಕೊಳ್ಳಬೇಕು. ನೋವಿಲ್ಲದ, ನಡೆಯಲು ತೊಂದರೆ ಕೊಡದ ಬೆರಳನ್ನು ಕೇವಲ ಅಂದಕ್ಕಾಗಿ ಕೊಯ್ಸಿಕೊಳ್ಳುವುದನ್ನು ನಾನು ಒಪ್ಪುವುದಿಲ್ಲ.

ವೈದ್ಯರಲ್ಲಿಗೆ ಹೋಗುವ ದಿನ ಹೊಸ ಪಾದರಕ್ಷೆ ತೊಟ್ಟು ಹೋಗುವವರೇ ಹೆಚ್ಚು. ದಿನಾ ಬಳಸುವ ಹಳೆಯ ಚಪ್ಪಲಿಯನ್ನೇ ಮೆಟ್ಟಿಕೊಂಡು ಹೋಗಿ, ಇಲ್ಲವೇ ಚೀಲದಲ್ಲಿ ಹಾಕಿಕೊಂಡು ಹೋಗಿ. ಅದರ ಮೇಲೆ ಬೆರಳುಗಳು ಒತ್ತಿ ಸವೆಸಿದ ಗುರುತುಗಳನ್ನು ನೋಡಿ ಪಾದದ ಭಾರ ಎಲ್ಲಿ ಬೀಳುತ್ತಿದೆ ಎಂಬುದನ್ನು ಅವರು ಊಹಿಸಬಲ್ಲರು.