ಮಾಳಿಗೆಯಿಂದ ಸುತಳಿ ಇಳಿಬಿಡಿ, ವಾತಾವರಣ ಅಳೆಯಿರಿ

ಮೇ ತಿಂಗಳ ರಾತ್ರಿ. ಕಲಬುರಗಿಯಲ್ಲಿ ಮನೆಯೊಳಗೆ ಮಲಗುವುದು ಆಗದ ಮಾತು, ಹಾಗಾಗಿ ಎಲ್ಲರೂ ಹಾಸಿಗೆ ಸುತ್ತಿಕೊಂಡು ಮಾಳಿಗೆ ಹತ್ತಿದ್ದೆವು. ಅಕ್ಕನ ಮಗ ಎಂಟನೇ ತರಗತಿ. ಆಕಾಶ ನೋಡುತ್ತಾ ಕೇಳಿದ: "ಮಾಮಾ, ಮ್ಯಾಲ ಹೋದ್ರ ಸೂರ್ಯನ ಹತ್ರ ಹೋದಂಗ ಅಲ್ಲೇನು? ಮತ್ತ ವಿಮಾನದ ಹೊರಗ ಅಷ್ಟು ಥಂಡಿ ಯಾಕ?"

ವಾತಾವರಣದ ಪದರಗಳ ಹೆಸರುಗಳೆಲ್ಲ ಅವನಿಗೆ ಬಾಯಿಪಾಠ ಇದ್ದವು. ಪರಿವರ್ತನ ಮಂಡಲ, ಸಮೋಷ್ಣ ಮಂಡಲ, ಮಧ್ಯಂತರ ಮಂಡಲ, ಉಷ್ಣತಾ ಮಂಡಲ, ಬಾಹ್ಯ ಮಂಡಲ. ಪುಸ್ತಕದ ಚಿತ್ರದಲ್ಲಿ ಐದೂ ಒಂದೇ ದಪ್ಪದ ಬಣ್ಣದ ಪಟ್ಟೆಗಳು. ಆದರೆ ಯಾವುದು ನಿಜಕ್ಕೂ ಎಷ್ಟು ದಪ್ಪ, ಒಂದು ಮುಗಿದು ಇನ್ನೊಂದು ಶುರುವಾಯಿತು ಅಂತ ಹೇಗೆ ಗೊತ್ತಾಗುತ್ತದೆ, ಅದು ಗೊತ್ತಿರಲಿಲ್ಲ. ಮರುದಿನ ಸಂಜೆ ಇಬ್ಬರೂ ಸೇರಿ ಮಾಳಿಗೆಯಿಂದ ಒಂದು ಸುತಳಿ ಇಳಿಬಿಟ್ಟೆವು. ಒಂದು ಗಂಟೆಯ ಕೆಲಸ. ನೀವೂ ಮಾಡಿ ನೋಡಿ.

ಬೇಕಾದ್ದು ಇಷ್ಟೇ: 7 ಮೀಟರ್ ಸುತಳಿ, ಅಳತೆ ಟೇಪು, ಬಣ್ಣಬಣ್ಣದ ಬಟ್ಟೆ ಚೂರು, ಒಂದು ಕಲ್ಲು, ಎರಡು ಅಂತಸ್ತಿನ ಮನೆ. ಲೆಕ್ಕ ಸುಲಭ. 1 ಕಿಲೋಮೀಟರಿಗೆ 1 ಸೆಂಟಿಮೀಟರ್.

ಸುತಳಿ ಕಟ್ಟುವುದು

ಸುತಳಿಯ ತುದಿಗೆ ಕಲ್ಲು ಕಟ್ಟಿ, ಕಲ್ಲು ನೆಲಕ್ಕೆ ತಾಗಿಯೂ ತಾಗದಂತೆ ಇಳಿಬಿಟ್ಟು, ಮೇಲಿನ ತುದಿಯನ್ನು ಮಾಳಿಗೆಯಲ್ಲಿ ಗಟ್ಟಿಯಾಗಿ ಬಿಗಿಯಿರಿ. ನೆಲದ ಮೇಲೆ ಹಾಸಿ ಮೊದಲೇ ಅಳೆಯಬೇಡಿ, ಭಾರಕ್ಕೆ ಸುತಳಿ ಸ್ವಲ್ಪ ಎಳೆದುಕೊಳ್ಳುತ್ತದೆ. ಇಳಿಬಿಟ್ಟ ಮೇಲೆ ನೆಲದಿಂದ ಮೇಲಕ್ಕೆ ಟೇಪು ಹಿಡಿಯಿರಿ. ಸ್ಕೆಚ್ ಪೆನ್ನಿನ ಗುರುತು ಸುತಳಿ ಮೇಲೆ ನಿಲ್ಲುವುದಿಲ್ಲ, ಬಟ್ಟೆ ಚೂರನ್ನೇ ಗಂಟು ಹಾಕಿ. ಕಿಟಕಿ ಮತ್ತು ಮಾಳಿಗೆಯ ಅಂಚಿನಿಂದ ಕಟ್ಟಬೇಕಾದ ಗಂಟುಗಳನ್ನು ದೊಡ್ಡವರೇ ಕಟ್ಟಲಿ.

ಮೊದಲ ಮೂರು ಗಂಟು ಎಲ್ಲಿ ಬೀಳಬೇಕು ಅಂತ ಹೇಳುವುದು ಉಷ್ಣತೆ. ಮೇಲೆ ಹೋದಂತೆ ತಂಪಾಗುತ್ತಿದ್ದ ಗಾಳಿ ಬಿಸಿಯಾಗತೊಡಗಿದರೆ, ಅಥವಾ ಬಿಸಿಯಾಗುತ್ತಿದ್ದದ್ದು ತಂಪಾಗತೊಡಗಿದರೆ, ಅಲ್ಲಿಗೆ ಒಂದು ಪದರ ಮುಗಿಯಿತು. ಹಾಗಾಗಿ ಪ್ರತಿ ಗಂಟಿನ ಹತ್ತಿರ ನಿಂತು ಮಗುವಿಗೆ ಒಂದೇ ಪ್ರಶ್ನೆ ಕೇಳಿ: ಇಲ್ಲಿನ ಗಾಳಿಗೆ ಕಾವು ಎಲ್ಲಿಂದ ಬರುತ್ತಿದೆ? ಇದೊಂದು ಗೊತ್ತಾದರೆ ಬಾಯಿಪಾಠ ಬೇಕಾಗುವುದಿಲ್ಲ.

ಮೊದಲ ಗಂಟು: 16 ಸೆಂ.ಮೀ.

ಒಂದು ಗೇಣೂ ಇಲ್ಲ, ನೋಡಿ. ಇದು ಪರಿವರ್ತನ ಮಂಡಲ. ಧ್ರುವಗಳ ಹತ್ತಿರ ಇದರ ಎತ್ತರ 8 ಕಿ.ಮೀ. ಮಾತ್ರ, ನಮ್ಮಂಥ ಬಿಸಿ ಪ್ರದೇಶಗಳಲ್ಲಿ 16ರಿಂದ 18. ಮಳೆ, ಗುಡುಗು, ಬಿರುಗಾಳಿ, ಧೂಳು, ನಾವು ಕಾಣುವ ಹೆಚ್ಚುಕಡಿಮೆ ಎಲ್ಲ ಮೋಡಗಳು ಈ ಗೇಣಿನೊಳಗೇ ಇವೆ. ಬೀದರಿನವರು ತಲೆ ಮೇಲೆ ನೋಡುವ ವಾಯುಪಡೆಯ ತರಬೇತಿ ವಿಮಾನಗಳೂ ಇಲ್ಲೇ ಹಾರುತ್ತವೆ.

ಇಲ್ಲಿ ಕಾವು ಬರುವುದು ಕೆಳಗಿನಿಂದ. ಮಧ್ಯಾಹ್ನ 2 ಗಂಟೆಗೆ ಶಹಾಬಾದ್ ಕಲ್ಲು ಹಾಸಿದ ಅಂಗಳದಲ್ಲಿ ಬರಿಗಾಲಲ್ಲಿ ನಿಂತವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಬಿಸಿಲಿನ ಹೆಚ್ಚು ಪಾಲು ಗಾಳಿಯನ್ನು ದಾಟಿ ಬಂದು ನೆಲವನ್ನು ಕಾಯಿಸುತ್ತದೆ, ಕಾದ ನೆಲ ತನ್ನ ಮೇಲಿನ ಗಾಳಿಯನ್ನು ಕಾಯಿಸುತ್ತದೆ, ಆ ಗಾಳಿ ಹಗುರಾಗಿ ಮೇಲೇರುತ್ತದೆ, ಮೇಲೆ ಒತ್ತಡ ಕಡಿಮೆ ಇರುವುದರಿಂದ ಹಿಗ್ಗುತ್ತದೆ, ಹಿಗ್ಗಿದ ಗಾಳಿ ತಂಪಾಗುತ್ತದೆ. ಸೈಕಲ್ ಟ್ಯೂಬಿನ ವಾಲ್ ಒತ್ತಿ ಬೆರಳು ಹಿಡಿಯಿರಿ, ಹೊರಬರುವ ಗಾಳಿ ತಣ್ಣಗಿರುತ್ತದೆ ಅಲ್ವಾ? ಅದೇ ವಿಷಯ. ನನ್ನ ಅಳಿಯನ ಪ್ರಶ್ನೆಗೂ ಇದೇ ಉತ್ತರ. ಸೂರ್ಯ ಇರುವುದು ಸುಮಾರು 15 ಕೋಟಿ ಕಿ.ಮೀ. ದೂರದಲ್ಲಿ, 10 ಕಿ.ಮೀ. ಮೇಲೆ ಹೋದರೆ ಅವನಿಗೇನೂ ಹತ್ತಿರವಾಗುವುದಿಲ್ಲ. ಆದರೆ ನಮ್ಮ ಒಲೆ, ಅಂದರೆ ನೆಲ, ದೂರವಾಗುತ್ತದೆ.

ಸರಾಸರಿ ಲೆಕ್ಕದಲ್ಲಿ 1 ಕಿ.ಮೀ. ಮೇಲೆ ಹೋದರೆ 6.5 ಡಿಗ್ರಿ ಇಳಿಯುತ್ತದೆ. ಬೀದರ್ ನಮಗಿಂತ ಸುಮಾರು 200 ಮೀಟರ್ ಎತ್ತರದಲ್ಲಿದೆ, ಅಷ್ಟಕ್ಕೇ ಒಂದು ಡಿಗ್ರಿ ಚಿಲ್ಲರೆ ಕಡಿಮೆ. ವಿಮಾನ ಹಾರುವ 11 ಕಿ.ಮೀ.ನಲ್ಲಿ ಮೈನಸ್ 40ಕ್ಕೂ ಕೆಳಗೆ. ಪದರದ ತುದಿಯಲ್ಲಿ, ನಮ್ಮ ಬಿಸಿಲೂರಿನ ನೆತ್ತಿಯ ಮೇಲೇ, ಸುಮಾರು ಮೈನಸ್ 75.

ಈ ಗೇಣಿನೊಳಗೆ ಇನ್ನೂ ಎರಡು ಚಿಕ್ಕ ಗುರುತು ಹಾಕಿ. 8.8 ಸೆಂ.ಮೀ.ಗೆ ಎವರೆಸ್ಟ್. 5.5 ಸೆಂ.ಮೀ.ಗೆ ಕೆಂಪು ಬಟ್ಟೆ. ಭೂಮಿಯ ಒಟ್ಟು ಗಾಳಿಯಲ್ಲಿ ಅರ್ಧ ಭಾಗ ಈ ಕೆಂಪು ಗುರುತಿನ ಕೆಳಗೇ ಇದೆ. ಮೂರು ಬೆರಳಿನಷ್ಟು ಜಾಗ! ನನಗಂತೂ ಇಡೀ ಸುತಳಿಯಲ್ಲಿ ಮನಸ್ಸಿಗೆ ತಟ್ಟಿದ್ದು ಈ ಗುರುತು. ಇದೇ ಅಳತೆಯಲ್ಲಿ ಭೂಮಿಯ ಚೆಂಡು ಮಾಡಿದರೆ ಅದರ ಅಗಲ 127 ಮೀಟರ್, ಹೆಚ್ಚುಕಡಿಮೆ ಒಂದು ಕ್ರಿಕೆಟ್ ಮೈದಾನದಷ್ಟು. ಅದರ ಮೇಲೆ ಮೂರು ಬೆರಳು ಗಾಳಿ. ನಾವು ಹೊಗೆ ಬಿಡುತ್ತಿರುವುದೂ ಇದರೊಳಗೇ.

ಎರಡನೇ ಗಂಟು: 50 ಸೆಂ.ಮೀ.

ಮೊಣಕಾಲಿನ ಹತ್ತಿರ ಬರುತ್ತದೆ. ಇದು ಸಮೋಷ್ಣ ಮಂಡಲ, ಇಂಗ್ಲಿಷಿನವರ ಸ್ಟ್ರಾಟೋಸ್ಫಿಯರ್. ಫ್ರಾನ್ಸಿನ ಲಿಯಾನ್ ಟೆಸೆರೆಂಕ್ ಡಿ ಬೋರ್ ಎನ್ನುವವರು ನೂರಾರು ಬಲೂನುಗಳನ್ನು ಹಾರಿಸಿ ನೋಡಿದರು. ಒಂದು ಎತ್ತರ ದಾಟಿದ ಮೇಲೆ ಉಷ್ಣತೆ ಇಳಿಯುವುದೇ ನಿಂತುಬಿಡುತ್ತಿತ್ತು. ಉಪಕರಣ ಬಿಸಿಲಿಗೆ ಕಾದು ತಪ್ಪು ತೋರಿಸುತ್ತಿದೆಯೋ ಅಂತ ರಾತ್ರಿ ಹೊತ್ತೂ ಹಾರಿಸಿದರು. ಆಗಲೂ ಅದೇ. 1902ರಲ್ಲಿ ಅದನ್ನು ಜಗತ್ತಿಗೆ ತಿಳಿಸಿದರು. ಅವರ ಬಲೂನುಗಳು ಕಂಡದ್ದು ಸಮ ಉಷ್ಣತೆ, ನಮ್ಮ ಕನ್ನಡ ಹೆಸರಿನಲ್ಲೂ ಅದೇ ಅರ್ಥ ಇದೆ. ಆದರೆ ಇನ್ನೂ ಮೇಲೆ ಹೋದರೆ ಉಷ್ಣತೆ ಏರುತ್ತಾ ಹೋಗಿ, 50 ಕಿ.ಮೀ. ಹತ್ತಿರ ಸೊನ್ನೆ ಡಿಗ್ರಿಯ ಆಸುಪಾಸಿಗೆ ಬರುತ್ತದೆ.

ಇಲ್ಲಿ ಕಾವು ಎಲ್ಲಿಂದ? ಓಝೋನ್‌ನಿಂದ. ಸೂರ್ಯನ ಅತಿನೇರಳೆ ಕಿರಣ ಹೀರಿಕೊಂಡು ಅದು ಸುತ್ತಲಿನ ಗಾಳಿಯನ್ನು ಬಿಸಿ ಮಾಡುತ್ತದೆ. 15ರಿಂದ 35 ಸೆಂ.ಮೀ.ವರೆಗೆ ನೀಲಿ ಬಟ್ಟೆ ಸುತ್ತಿ, ಓಝೋನ್ ಜಾಸ್ತಿ ಇರುವ ಜಾಗ ಅದು. ಜಾಸ್ತಿ ಅಂದರೂ ಎಷ್ಟು? ಅಷ್ಟನ್ನೂ ಕೆಳಗೆ ತಂದು ನೆಲದ ಒತ್ತಡದಲ್ಲಿ ಹರಡಿದರೆ ಸುಮಾರು 3 ಮಿಲಿಮೀಟರ್ ದಪ್ಪ. ಇಷ್ಟು ತೆಳುವಾದದ್ದು ಅಂಟಾರ್ಕ್ಟಿಕಾದ ಮೇಲೆ ವಿಪರೀತ ಕಡಿಮೆಯಾಗುತ್ತಿದೆ ಅಂತ 1985ರಲ್ಲಿ ಬ್ರಿಟನ್ನಿನ ವಿಜ್ಞಾನಿಗಳು ಪ್ರಕಟಿಸಿದರು. ಎರಡೇ ವರ್ಷಕ್ಕೆ, 1987ರ ಸೆಪ್ಟೆಂಬರ್ 16ರಂದು, ಓಝೋನ್ ಹಾಳುಮಾಡುವ ರಾಸಾಯನಿಕಗಳಿಗೆ ಕಡಿವಾಣ ಹಾಕುವ ಮಾಂಟ್ರಿಯಲ್ ಒಪ್ಪಂದ ಆಯಿತು.

ಓಝೋನನ್ನು ಕಣ್ಣಿನಿಂದಲೇ ನೋಡಬಹುದು. ಸೂರ್ಯ ಮುಳುಗಿ ಹದಿನೈದು-ಇಪ್ಪತ್ತು ನಿಮಿಷಕ್ಕೆ ಮಾಳಿಗೆ ಹತ್ತಿ ನೆತ್ತಿಯ ಕಡೆ ನೋಡಿ. ಆ ಗಾಢ ನೀಲಿ ಹಗಲಿನ ನೀಲಿಗಿಂತ ಬೇರೆ. ಓರೆಯಾಗಿ ಬರುವ ಬೆಳಕು ಓಝೋನ್ ಪದರದಲ್ಲಿ ತುಂಬಾ ದೂರ ಸಾಗುತ್ತದೆ, ಹಳದಿ-ಕಿತ್ತಳೆ ಬಣ್ಣವನ್ನು ಓಝೋನ್ ಹೀರಿಕೊಳ್ಳುತ್ತದೆ, ಉಳಿದದ್ದು ಆ ನೀಲಿ.

ಕೆಳಗೆ ತಂಪು, ಮೇಲೆ ಬಿಸಿ ಇದ್ದರೆ ಗಾಳಿ ಮೇಲೆ-ಕೆಳಗೆ ಕಲಸುವುದಿಲ್ಲ. ಮೇ ತಿಂಗಳ ಸಂಜೆ ದೂರದಲ್ಲಿ ಏಳುವ ಗುಡುಗು ಮೋಡ ಗಮನಿಸಿ. ಬೆಟ್ಟದ ಹಾಗೆ ಏರುತ್ತಾ ಹೋಗಿ, ಒಂದು ಎತ್ತರದಲ್ಲಿ ತಲೆ ಚಪ್ಪಟೆಯಾಗಿ ಪಕ್ಕಕ್ಕೆ ಹರಡುತ್ತದೆ, ಅಡುಗೆಮನೆಯ ಹೊಗೆ ಛತ್ತಿಗೆ ತಾಗಿ ಹರಡಿದ ಹಾಗೆ. ನಿಮ್ಮ ಮೊದಲ ಗಂಟು ಇರುವುದು ಅಲ್ಲೇ.

ಈ ಪದರಕ್ಕೂ ನಮ್ಮ ಕಡೆಗೂ ಒಂದು ನಂಟಿದೆ. ಹೈದರಾಬಾದಿನಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಬಲೂನು ಕೇಂದ್ರ ಇದೆ. ಅಲ್ಲಿಂದ ಹಾರಿಸುವ ದೊಡ್ಡ ಬಲೂನುಗಳು 30-40 ಕಿ.ಮೀ. ಎತ್ತರದವರೆಗೆ ಹೋಗುತ್ತವೆ. 2025ರ ಜನವರಿಯಲ್ಲಿ ಅಂಥದೊಂದು ಹುಮನಾಬಾದ್ ತಾಲ್ಲೂಕಿನ ಜಲಸಂಗಿಯಲ್ಲಿ ಬಂದು ಬಿತ್ತು, ಶಾಸನ ಬರೆಯುವ ಶಿಲಾಬಾಲಿಕೆಯ ಗುಡಿ ಇದೆಯಲ್ಲ, ಅದೇ ಊರು. ನಿಮ್ಮ ಹೊಲದಲ್ಲೂ ಅಂಥ ಪೆಟ್ಟಿಗೆ ಇಳಿದರೆ ಬಿಚ್ಚಬೇಡಿ, ಪೊಲೀಸರಿಗೆ ತಿಳಿಸಿ. ಅದರೊಳಗೆ ವಿಜ್ಞಾನಿಗಳು ಕಾಯುತ್ತಿರುವ ಮಾಹಿತಿ ಇರುತ್ತದೆ.

ಮೂರನೇ ಗಂಟು: 85 ಸೆಂ.ಮೀ.

ಮಧ್ಯಂತರ ಮಂಡಲ. ನೆಲದ ಕಾವು ಇಲ್ಲಿಗೆ ಮುಟ್ಟುವುದಿಲ್ಲ, ಓಝೋನ್ ತೀರಾ ಕಡಿಮೆ. ಇರುವ ಚೂರುಪಾರು ಕಾವನ್ನೂ ಇಂಗಾಲದ ಡೈಆಕ್ಸೈಡ್ ಹೊರಕ್ಕೆ ಬಿಟ್ಟುಕೊಡುತ್ತದೆ. ಹಾಗಾಗಿ ಮತ್ತೆ ತಂಪು, ತುದಿಯಲ್ಲಿ ಸುಮಾರು ಮೈನಸ್ 90 ಡಿಗ್ರಿ. ವಿಮಾನ, ಬಲೂನು ಇಷ್ಟು ಮೇಲೆ ಬರಲಾರವು, ಉಪಗ್ರಹ ಇಷ್ಟು ಕೆಳಗೆ ಸುತ್ತಲಾರದು. ಡಿಸೆಂಬರ್ 13-14ರ ರಾತ್ರಿ ಊರ ದೀಪಗಳಿಂದ ದೂರ, ಯಾವುದಾದರೂ ತೊಗರಿ ಹೊಲದ ಬದುವಿಗೆ ಹೋಗಿ ಮಲಗಿ ನೋಡಿ. ಮಿಥುನ ರಾಶಿಯ ಕಡೆಯಿಂದ ಉಲ್ಕೆಗಳು ಬರುತ್ತವೆ. ಮರಳಿನ ಹರಳು, ಜೋಳದ ಕಾಳಿನಷ್ಟು ಚೂರುಗಳು ಉರಿದು ಮುಗಿಯುವುದು ಈ ಗಂಟಿನ ಹಿಂದೆ ಮುಂದೆ.

ನಾಲ್ಕನೇ ಗಂಟು: 6 ಮೀಟರ್

ಮೊದಲು 1 ಮೀಟರಿಗೆ, ಸೊಂಟದ ಹತ್ತಿರ, ಬಿಳಿ ಬಟ್ಟೆ ಕಟ್ಟಿ. 100 ಕಿ.ಮೀ. ಅಂತರಿಕ್ಷ ಇಲ್ಲಿಂದ ಶುರು ಅಂತ ವಾಡಿಕೆಯ ಲೆಕ್ಕ. ಕಾರು ನೇರ ಮೇಲಕ್ಕೆ ಹೋಗುವಂತಿದ್ದರೆ, ಕಲಬುರಗಿಯಿಂದ ಬೀದರ್ ಮುಟ್ಟುವಷ್ಟು ದೂರಕ್ಕೂ ಮೊದಲೇ ಅಂತರಿಕ್ಷ ಬಂದುಬಿಡುತ್ತದೆ. 4 ಮೀಟರಿಗೆ, ಮೇಲಿನ ಕಿಟಕಿಯಿಂದ ಕೈಚಾಚಿ, ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ.

85 ಸೆಂ.ಮೀ.ನಿಂದ 6 ಮೀಟರಿನವರೆಗೆ ಉಷ್ಣತಾ ಮಂಡಲ. ಸೂರ್ಯನ ಕ್ಷ-ಕಿರಣ ಮತ್ತು ತೀಕ್ಷ್ಣ ಅತಿನೇರಳೆ ಕಿರಣಗಳನ್ನು ಇಲ್ಲಿನ ಅಣುಗಳು ನೇರವಾಗಿ ಹೀರುತ್ತವೆ, ಉಷ್ಣತೆ 1,000 ಡಿಗ್ರಿ ದಾಟುವುದೂ ಉಂಟು. ಹಾಗಾದರೆ ನಿಲ್ದಾಣ ಕರಗುವುದಿಲ್ಲವೇ? ಇಲ್ಲ. ಸುರುಸುರು ಬತ್ತಿಯ ಕಿಡಿ ಕುದಿಯುವ ನೀರಿಗಿಂತ ಎಷ್ಟೋ ಬಿಸಿ, ಆದರೂ ಒಂದು ಕಿಡಿಯಲ್ಲಿರುವ ಶಾಖ ಅತ್ಯಲ್ಪ. ಇಲ್ಲಿನ ಅಣುಗಳೂ ಹಾಗೆ, ಒಂದೊಂದೂ ಬಿಸಿ, ಆದರೆ ತೀರಾ ವಿರಳ. ಸೂರ್ಯ ಕೆರಳಿದಾಗ ಈ ಪದರ ಹಿಗ್ಗುತ್ತದೆ. 2022ರ ಫೆಬ್ರುವರಿಯಲ್ಲಿ ಹೊಸದಾಗಿ ಹಾರಿದ್ದ ಸುಮಾರು 40 ಸ್ಟಾರ್‌ಲಿಂಕ್ ಉಪಗ್ರಹಗಳು ಹೀಗೆ ಹಿಗ್ಗಿದ ಗಾಳಿಯ ಎಳೆತಕ್ಕೆ ಸಿಕ್ಕಿ ಕೆಳಗೆ ಬಿದ್ದು ಉರಿದುಹೋದವು.

ಮನೆಯಲ್ಲಿ ಹಳೇ ರೇಡಿಯೊ ಇದ್ದರೆ ರಾತ್ರಿ 9ರ ನಂತರ ಮೀಡಿಯಂ ವೇವ್ ತಿರುಗಿಸಿ. ಹಗಲು ಕೇಳದ ದೂರದ ಕೇಂದ್ರಗಳು ಸಿಗುತ್ತವೆ. ಸುಮಾರು 60 ಕಿ.ಮೀ.ನಿಂದ ಮೇಲೆ ವಿದ್ಯುತ್ ಕಣಗಳಿರುವ ಭಾಗವನ್ನು ಅಯಾನುಗೋಳ ಅನ್ನುತ್ತಾರೆ. ಹಗಲು ಅದರ ಕೆಳಗಿನ ಭಾಗ ರೇಡಿಯೊ ಅಲೆಗಳನ್ನು ನುಂಗುತ್ತದೆ. ರಾತ್ರಿ ಅದು ಕರಗಿಹೋಗಿ, ಮೇಲಿನ ಭಾಗ ಅಲೆಗಳನ್ನು ಕೆಳಕ್ಕೆ ತಿರುಗಿಸುತ್ತದೆ.

ಬಾಹ್ಯ ಮಂಡಲಕ್ಕೆ ಮಾತ್ರ ಸುತಳಿ ಸಾಲದು. ಅದು ಸುಮಾರು 10,000 ಕಿ.ಮೀ.ವರೆಗೆ, ಅಂದರೆ 100 ಮೀಟರ್, ನಮ್ಮ ಓಣಿಯ ಆಚೆ ತುದಿ. ಅಲ್ಲಿರುವುದು ಹೆಚ್ಚಾಗಿ ಹೈಡ್ರೋಜನ್, ಹೀಲಿಯಂ, ಅದೂ ಒಂದಕ್ಕೊಂದು ತಾಗದಷ್ಟು ದೂರದೂರ.

ನಿಮ್ಮದು ಒಂದೇ ಅಂತಸ್ತಿನ ಮನೆಯಾದರೆ ಲೆಕ್ಕ ಅರ್ಧ ಮಾಡಿ. 3.5 ಮೀಟರ್ ಸುತಳಿ ಸಾಕು, ಗಂಟುಗಳು 8, 25, 42.5 ಮತ್ತು 300 ಸೆಂ.ಮೀ.ಗೆ ಬರುತ್ತವೆ. ಕೆಂಪು ಬಟ್ಟೆಯನ್ನು ನೆಲದಿಂದ 2.75 ಸೆಂ.ಮೀ.ಗೆ ಕಟ್ಟಿ.