ಕೆಳಗೆ ಇಳಿಯುವವನ ಜೇಬಲ್ಲೇ ಕೀ ಇರಬೇಕು

ದಾವಣಗೆರೆ ಸುತ್ತಮುತ್ತಲಿನ ರೈಸ್ ಮಿಲ್ಲುಗಳಲ್ಲಿ ಫಿಟ್ಟರ್ ಆಗಿ ಬೆಳೆದವನು ನಾನು. ನಡುವೆ ಕೆಲ ಕಾಲ ಚಳ್ಳಕೆರೆ ಕಡೆ ಎಣ್ಣೆ ಪ್ಲಾಂಟಿನಲ್ಲೂ ಇದ್ದೆ. ನಾನು ಕಂಡ ಅಪಘಾತಗಳಲ್ಲಿ ಹೆಚ್ಚಿನವು ಆಗಿದ್ದು ಮಷಿನ್ ಓಡುತ್ತಿದ್ದಾಗಲ್ಲ. ನಿಂತಿದೆ ಅಂತ ನಂಬಿ ಯಾರೋ ಕೈ ಹಾಕಿದಾಗ.

ಮಿಲ್ಲಿನ ಎಲಿವೇಟರ್ ನೋಡಿದವರಿಗೆ ಇದು ಗೊತ್ತಿರುತ್ತೆ. ನೆಲದಡಿಯ ಗುಂಡಿಯಿಂದ ಭತ್ತವನ್ನು ಮೇಲಿನ ಮಹಡಿಗೆ ಎತ್ತುವ ಬಕೆಟ್ ಸಾಲು ಅದು. ಒದ್ದೆ ಭತ್ತ, ಹುಲ್ಲು, ಗೋಣಿ ದಾರ ಸೇರಿ ಬುಡದಲ್ಲಿ ಕಟ್ಟಿಕೊಳ್ಳುತ್ತೆ. ಮೋಟರ್ ಆಫ್ ಮಾಡಿ, ಒಬ್ಬ ಗುಂಡಿಗೆ ಇಳಿದು, ಕೈಯಿಂದಲೇ ಬಾಚಿ ತೆಗೆಯುತ್ತಾನೆ. ಸ್ವಿಚ್ಚುಗಳಿರುವ ಪ್ಯಾನೆಲ್ ಇರುವುದು ಶೆಡ್ಡಿನ ಇನ್ನೊಂದು ಮೂಲೆಯಲ್ಲಿ. ಅಲ್ಲಿ ನಿಂತ ಆಪರೇಟರ್‌ಗೆ ಗುಂಡಿ ಕಾಣಲ್ಲ. ಒಂದು ಮಿಲ್ಲಿನಲ್ಲಿ ಹೀಗೇ ಒಬ್ಬ ಹುಡುಗನ ಕೈ ಮೊಣಕೈವರೆಗೆ ಹೋಯಿತು. ಆಪರೇಟರ್ "ಆಯ್ತೇನ್ರೋ?" ಅಂತ ಕೂಗಿದ್ದ. "ಆಯ್ತು" ಅಂತ ಉತ್ತರ ಬಂತು. ಬಟನ್ ಒತ್ತಿದ. ಆಯ್ತು ಅಂದವನು ಹೊರಗೆ ಲಾರಿ ತುಂಬಿಸುತ್ತಿದ್ದ ಹಮಾಲಿ, ಅವನು ಹೇಳಿದ್ದು ಲಾರಿಯ ವಿಷಯ.

ಆಪರೇಟರ್‌ನನ್ನು ಬೈದು ಏನೂ ಪ್ರಯೋಜನವಿರಲಿಲ್ಲ. ಕೂಗಿ ಕೇಳುವ ಪದ್ಧತಿಯೇ ತಪ್ಪು. ಮುಂದೆ ಇನ್ನೊಂದು ಮಿಲ್ಲಿಗೆ ಸೇರಿದಾಗ ಮೊದಲು ಮಾಡಿದ ಕೆಲಸ, ಗುಂಡಿಗೆ ಇಳಿಯುವ ಪ್ರತಿಯೊಬ್ಬನಿಗೂ ಒಂದೊಂದು ಬೀಗ ಕೊಡಿಸಿದ್ದು. ಬೀಗದ ಮೇಲೆ ಅವನ ಹೆಸರು. ಒಂದು ಬೀಗಕ್ಕೆ ಒಂದೇ ಕೀ, ಅದು ಅವನ ಜೇಬಲ್ಲೇ. ಡೂಪ್ಲಿಕೇಟ್ ಕೀ ಆಫೀಸಿನಲ್ಲೂ ಇಲ್ಲ, ಯಜಮಾನರ ಹತ್ತಿರವೂ ಇಲ್ಲ. ದೊಡ್ಡ ಕಾರ್ಖಾನೆಗಳಲ್ಲಿ ಲೋಟೋ (ಲಾಕ್ ಔಟ್, ಟ್ಯಾಗ್ ಔಟ್) ಅಂತ ಕರೆಯುವುದು ಇದನ್ನೇ.

"ಎಲ್ಲರೂ ಬೀಗ ಹಾಕ್ಕೊಂಡು ಓಡಾಡಿದ್ರೆ ಮಿಲ್ ಓಡ್ಸೋರು ಯಾರಪ್ಪ?" ಅಂತ ಯಜಮಾನರು ಕೇಳಿದರು. "ಬೀಗ ಹಾಕೋಕೆ ಎರಡು ನಿಮಿಷ ಸಾಕು ಯಜಮಾನ್ರೇ, ಆಸ್ಪತ್ರೆಗೆ ಓಡಿದ್ರೆ ಇಡೀ ಸೀಸನ್ ಹೋಗುತ್ತೆ" ಅಂದೆ. ಒಪ್ಪಿದರು. ಅವರ ಮನಸ್ಸಿನಲ್ಲೂ ಆ ಹುಡುಗ ಇದ್ದ ಅಂತ ನನಗೆ ಅನ್ನಿಸಿತು. ಊರಿನ ಮಿಲ್ಲಿನವರಿಗೆಲ್ಲ ಆ ಸುದ್ದಿ ಗೊತ್ತಿತ್ತು.

ಹಳೇ ಪ್ಯಾನೆಲ್‌ಗಳಿಗೆ ಬೀಗ ಹಾಕಲು ಜಾಗವೇ ಇರುವುದಿಲ್ಲ. ಐಸೊಲೇಟರ್, ಅಂದರೆ ಮೇನ್ ಸ್ವಿಚ್ಚಿನ, ಹಿಡಿಕೆಯಲ್ಲಿ ತೂತಿದ್ದರೆ ಸರಿ. ಇಲ್ಲದ ಕಡೆ ಮೂರೂ ಫ್ಯೂಸ್ ಕ್ಯಾರಿಯರ್ ಕಿತ್ತು ತಗಡಿನ ಪೆಟ್ಟಿಗೆಯಲ್ಲಿಟ್ಟು, ಪೆಟ್ಟಿಗೆಗೆ ಬೀಗ ಹಾಕುತ್ತೇವೆ. ಇಬ್ಬರು ಮೂವರು ಇಳಿಯುವುದಾದರೆ ತೂತುಗಳಿರುವ ಕಬ್ಬಿಣದ ಕೊಂಡಿ ಸಿಕ್ಕಿಸಿ, ಅದರಲ್ಲಿ ಎಲ್ಲರ ಬೀಗ. ಕೊನೆಯವನು ಮೇಲೆ ಬಂದು ತನ್ನ ಬೀಗ ತೆಗೆಯುವ ತನಕ ಯಾರೂ ಸ್ಟಾರ್ಟ್ ಮಾಡಲಾರರು.

ಬೀಗ ಹಾಕಿದ ಮೇಲೆ, ಮಷಿನ್ ತಿರುಗಲ್ಲ ತಾನೇ ಅಂತ ಸ್ಟಾರ್ಟ್ ಬಟನ್ ಒತ್ತಿ ನೋಡಲೇಬೇಕು. ಇದನ್ನು ಸುಮ್ನೆ ಹೇಳುತ್ತಿಲ್ಲ. ಹಳೇ ಮಿಲ್ಲುಗಳಲ್ಲಿ ಮೋಟರ್ ಬದಲಾಗಿರುತ್ತೆ, ಕೇಬಲ್ ಬದಲಾಗಿರುತ್ತೆ, ಹಣೆಪಟ್ಟಿ ಮಾತ್ರ ಹಳೆಯದು. "ಎಲಿವೇಟರ್ 2" ಅಂತ ಬರೆದ ಸ್ವಿಚ್ಚು ಅಕ್ಕಿ ಪಾಲಿಷರ್‌ಗೆ ಹೋಗಿರುವುದನ್ನು ನಾನೇ ನೋಡಿದ್ದೇನೆ.

ಇನ್ನೊಂದು ಸಂಗತಿ ಹೊಸಬರಿಗೆ ಹೊಳೆಯುವುದಿಲ್ಲ. ಕರೆಂಟ್ ತೆಗೆದರೂ ಎಲಿವೇಟರ್ ತಿರುಗಬಹುದು. ಒಂದು ಪಕ್ಕದ ಬಕೆಟ್‌ಗಳಲ್ಲಿ ಭತ್ತ ತುಂಬಿದೆ, ಇನ್ನೊಂದು ಪಕ್ಕ ಖಾಲಿ. ಬುಡದಲ್ಲಿ ಕಟ್ಟಿದ್ದು ಬಿಟ್ಟ ಕೂಡಲೇ ಭಾರದ ಪಕ್ಕ ಕೆಳಗೆ ಜಗ್ಗುತ್ತೆ. ಅದಕ್ಕೇ ಮೇಲಿನ ಪುಲ್ಲಿಗೆ ಸರಪಳಿ ಬಿಗಿದ ಮೇಲೆಯೇ ಕೆಳಗೆ ಇಳಿಯುವುದು.

ಕರೆಂಟ್ ಹೋದಾಗ "ಹೇಗೂ ನಿಂತಿದೆ, ಕ್ಲೀನ್ ಮಾಡಿಬಿಡೋಣ" ಅಂತ ಗುಂಡಿಗೆ ಇಳಿಯುವುದು ನಮ್ಮ ಕಡೆ ತುಂಬಾ ಇದೆ. ಸರಿಯಾದ ಸ್ಟಾರ್ಟರ್ ಇದ್ದರೆ ಕರೆಂಟ್ ಹೋದಾಗ ಕಾಯಿಲ್ ಬಿಟ್ಟುಕೊಳ್ಳುತ್ತೆ, ಮತ್ತೆ ಬಟನ್ ಒತ್ತುವ ತನಕ ಮೋಟರ್ ತಿರುಗಲ್ಲ. ಆದರೆ ಎಷ್ಟೋ ಕಡೆ ಅದು ಬಿಡದಂತೆ ತಂತಿಯಿಂದ ಕಟ್ಟಿರುತ್ತಾರೆ, ಇಲ್ಲವೇ ಆಟೋ ಸ್ಟಾರ್ಟರ್ ಹಾಕಿಸಿರುತ್ತಾರೆ. ಕರೆಂಟ್ ಬಂದ ತಕ್ಷಣ ಎಲ್ಲವೂ ಒಟ್ಟಿಗೆ ಶುರು. ಕಟ್ಟಿದ ಸ್ಟಾರ್ಟರ್ ಕಂಡರೆ ನಾನು ಯಾರನ್ನೂ ಕೇಳದೆ ಬಿಚ್ಚುತ್ತೇನೆ.

ಎಣ್ಣೆ ಪ್ಲಾಂಟಿನಲ್ಲಿ ಲೆಕ್ಕಾಚಾರವೇ ಬೇರೆ. ಶೇಂಗಾ ಹಿಂಡಿಯಲ್ಲಿ ಉಳಿದ ಎಣ್ಣೆಯನ್ನು ಹೆಕ್ಸೇನ್ ಎಂಬ ದ್ರಾವಕ ಹಾಕಿ ತೆಗೆಯುತ್ತಾರೆ. ಅದರ ಆವಿ ಗಾಳಿಗಿಂತ ಸುಮಾರು 3 ಪಟ್ಟು ಭಾರ. ಮೇಲೆ ಹೋಗದೆ ನೆಲ ಹಿಡಿದು ಹರಿದು, ಚರಂಡಿ, ಗುಂಡಿಗಳಲ್ಲಿ ಕೂರುತ್ತೆ. ಗಾಳಿಯಲ್ಲಿ ಬರೀ ಶೇಕಡಾ 1ರಷ್ಟು ಸೇರಿದರೂ ಒಂದು ಕಿಡಿಗೆ ಸ್ಫೋಟವಾಗಬಹುದು. ಹಾಗಾಗಿ ಅಲ್ಲಿ ಮೊಬೈಲು, ಬೀಡಿ ಗೇಟಿನಲ್ಲೇ ಬಿಡಬೇಕು. ಕಬ್ಬಿಣದ ಸುತ್ತಿಗೆ ಇಲ್ಲ, ಹಿತ್ತಾಳೆಯದು. ಸಾಮಾನ್ಯ ಸ್ವಿಚ್ ಆಫ್ ಮಾಡಿದರೂ ಒಳಗೆ ಕಿಡಿ ಹಾರುತ್ತೆ ಅಲ್ವಾ? ಅದಕ್ಕೇ ಪ್ಯಾನೆಲ್ ಪ್ಲಾಂಟಿನಿಂದ ದೂರ, ಬೇರೆ ಕೋಣೆಯಲ್ಲಿ. ವೆಲ್ಡಿಂಗ್ ಮಾಡಬೇಕಾದರೆ ಮೊದಲು ಆವಿ ಅಳೆಯುವ ಮೀಟರ್ ಹಿಡಿದು ನೋಡಿ, ಪರ್ಮಿಟ್‌ಗೆ ಸಹಿ ಆಗಬೇಕು. ಆ ಶಿಸ್ತನ್ನು ನಾನು ಅಲ್ಲೇ ಕಲಿತಿದ್ದು, ಮಿಲ್ಲಿಗೆ ತಂದಿದ್ದು.

ಮಂಡಕ್ಕಿ ಭಟ್ಟಿಗಳದ್ದು ಬೇರೆಯೇ ಕಥೆ. ಅಲ್ಲಿ ಬೀಗ ಹಾಕುವಂಥದ್ದು ಕಡಿಮೆ, ಬೆಂಕಿ ಜಾಸ್ತಿ. ಪಟ್ಟಾ, ಬ್ಲೋವರ್ ಇರುವ ಕಡೆ ಜಾಲರಿ ಹಾಕಿಸಿ, ಲುಂಗಿ ಮತ್ತು ಟವೆಲ್ ಸಿಕ್ಕದಂತೆ ನೋಡಿ ಅಂತ ಪರಿಚಯದವರಿಗೆ ಹೇಳುತ್ತಿರುತ್ತೇನೆ. ಹೊಗೆಯದ್ದು ಜಾಲರಿಯಿಂದ ಮುಗಿಯುವ ವಿಷಯವಲ್ಲ.

ಈಗ ನನಗೆ ಜಾಸ್ತಿ ಚಿಂತೆ ಇರುವುದು ಮೆಕ್ಕೆಜೋಳ ತುಂಬಿಡುವ ದೊಡ್ಡ ಬಿನ್‌ಗಳದ್ದು. ನಮ್ಮ ಜಿಲ್ಲೆಯ ತುಂಬ ಮೆಕ್ಕೆಜೋಳ. ತೇವ ಇದ್ದ ಕಾಳು ಬಿನ್ನಿನಲ್ಲಿ ಮೇಲೆ ಗಟ್ಟಿ ಪದರ ಕಟ್ಟುತ್ತೆ, ಕೆಳಗೆ ಕಾಳು ಜಾರಿ ಪೊಳ್ಳಾಗಿರುತ್ತೆ. ಸರಳು ಹಿಡಿದು ಮೇಲೆ ಹತ್ತಿದವನು ಪದರ ಒಡೆದು ಒಳಗೆ ಬೀಳುತ್ತಾನೆ. ಕೆಳಗೆ ಕನ್ವೇಯರ್ ಓಡುತ್ತಿದ್ದರೆ ನೋಡನೋಡುತ್ತಲೇ ಎದೆಯವರೆಗೆ ಹೂತುಹೋಗುತ್ತಾನೆ. ಆಮೇಲೆ ಬರೀ ಕೈಯಲ್ಲಿ ಎಳೆದು ತೆಗೆಯಲು ಆಗಲ್ಲ. ಅಲ್ಲಿ ಬೀಗ ಬೀಳಬೇಕಾದ್ದು ಕೆಳಗಿನ ಕನ್ವೇಯರ್‌ಗೆ, ಕೀ ಇರಬೇಕಾದ್ದು ಮೇಲೆ ಹತ್ತುವವನ ಹತ್ತಿರ. ಸೊಂಟಕ್ಕೆ ಬೆಲ್ಟು, ಹಗ್ಗ. ಹೊರಗೆ ಇನ್ನೊಬ್ಬ. ಒಳಗಿನವನು ಕುಸಿದರೆ ಈ ಇನ್ನೊಬ್ಬ ಹಾರಬಾರದು, ಹಗ್ಗ ಎಳೆದು ಜನ ಕರೆಯಬೇಕು. ಭತ್ತ ನೆನೆಸುವ ಟ್ಯಾಂಕಿಗೂ ಇದೇ ನಿಯಮ, ಹುಳಿ ಬಂದ ನೀರಿನ ಮೇಲೆ ಉಸಿರಾಟಕ್ಕೆ ಬೇಕಾದ ಗಾಳಿಯೇ ಇರದಿರಬಹುದು. ಕೈದೀಪ ಒಯ್ದರೆ 24 ವೋಲ್ಟಿಗಿಂತ ಹೆಚ್ಚಿನದು ಬೇಡ. ಇದು 1948ರ ಕಾರ್ಖಾನೆ ಕಾಯ್ದೆಯಲ್ಲೇ ಇದ್ದ ಮಾತು.

ಹುಳಕ್ಕೆ ಇಡುವ ಅಲ್ಯುಮಿನಿಯಂ ಫಾಸ್ಫೈಡ್ ಮಾತ್ರೆಯದ್ದೂ ಹೇಳಲೇಬೇಕು. 3 ಗ್ರಾಮಿನ ಒಂದು ಮಾತ್ರೆ 1 ಗ್ರಾಮ್ ಫಾಸ್ಫೀನ್ ಎಂಬ ವಿಷಾನಿಲ ಬಿಡುತ್ತೆ. ಮೂಗನ್ನು ನಂಬುವ ಹಾಗಿಲ್ಲ, ಮೀಟರ್ 0.3 ಪಿಪಿಎಂ (ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ 0.3 ಪಾಲು) ಒಳಗೆ ತೋರಿಸುವ ತನಕ ಗೋದಾಮಿಗೆ ಯಾರೂ ಹೋಗಬಾರದು. ಎಷ್ಟೋ ಕಡೆ ಮಾತ್ರೆ ಇಟ್ಟ ಗೋದಾಮಿನ ಗೋಡೆಗೆ ಅಂಟಿಕೊಂಡ ಕೋಣೆಯಲ್ಲಿ ಹಮಾಲಿಗಳು ಮಲಗುತ್ತಾರೆ. ನಾವು ಮಾತ್ರೆ ಇಡುವ ಮುಂಚೆಯೇ ಆ ಕೋಣೆ ಖಾಲಿ ಮಾಡಿಸಿ, ಅದಕ್ಕೂ ಬೀಗ ಹಾಕಿ, ಅವರಿಗೆ ಆಫೀಸ್ ಪಕ್ಕ ಜಾಗ ಕೊಡುತ್ತೇವೆ.