ಒಣನೆಲಕ್ಕೆ ಮಳೆ ಬಿದ್ದ ಮೇಲೆ ಹಳ್ಳಿಗಾಡಿನತ್ತ ಕಾರಿನಲ್ಲಿ ಹೊರಡುವವರಿಗೆ

ತಿಂಗಳುಗಟ್ಟಲೆ ಕಾದ ಮಳೆ ಕೊನೆಗೂ ಸುರಿದಾಗ ಕಾರಿನ ಕೀಲಿಗೆ ಕೈ ಹೋಗುವುದು ಸಹಜ. ಆದರೆ ಹಳ್ಳಿಗಾಡಿನ ರಸ್ತೆ ಹೆಚ್ಚು ಜಾರುವುದೂ ಅದೇ ಹೊತ್ತಿನಲ್ಲಿ. ಒಣಹವೆಯ ದಿನಗಳಲ್ಲಿ ವಾಹನಗಳಿಂದ ತೊಟ್ಟಿಕ್ಕಿದ ಎಣ್ಣೆ, ಸವೆದು ಉದುರಿದ ಟೈರಿನ ಪುಡಿ, ಹೊಲಗಳಿಂದ ಹಾರಿ ಬಂದ ಧೂಳು ಇವೆಲ್ಲ ಡಾಂಬರಿನ ಮೇಲೆ ಪದರವಾಗಿ ಕೂತಿರುತ್ತವೆ. ಮಳೆಯ ಮೊದಲ ಹನಿಗಳಿಗೆ ಈ ಪದರವನ್ನು ಕೊಚ್ಚಿಕೊಂಡು ಹೋಗುವ ಶಕ್ತಿ ಇರುವುದಿಲ್ಲ. ಅವು ಅದನ್ನು ಕಲಸಿ ನುಣ್ಣನೆಯ ಲೇಪವಾಗಿ ಮಾಡಿಬಿಡುತ್ತವೆ. ಮಳೆ ಜೋರಾಗಿ ಸ್ವಲ್ಪ ಹೊತ್ತು ಸುರಿದ ಮೇಲಷ್ಟೇ ರಸ್ತೆ ತೊಳೆದುಹೋಗಿ ಟೈರಿಗೆ ಹಿಡಿತ ಮರಳುತ್ತದೆ. ಹೊರಡುವ ಹೊತ್ತನ್ನು ಸರಿಯಾಗಿ ಆರಿಸಿಕೊಂಡರೆ ಉಳಿದ ಮುನ್ನೆಚ್ಚರಿಕೆಗಳ ಭಾರ ಅರ್ಧ ಇಳಿದಂತೆಯೇ.

ಮಣ್ಣಿನ ವಾಸನೆಗಾಗಿ ಅವಸರದಿಂದ ಹೊರಡುವವರಿಗೆ ಒಂದು ಮಾತು. ಈ ವಾಸನೆಯ ಮೂಲವನ್ನು ಆಸ್ಟ್ರೇಲಿಯದ ವಿಜ್ಞಾನಿಗಳಾದ ಇಸಬೆಲ್ ಜಾಯ್ ಬೇರ್ ಮತ್ತು ರಿಚರ್ಡ್ ಥಾಮಸ್ 1964ರಲ್ಲಿ ವಿವರಿಸಿದರು. ಒಣಗಿದ ದಿನಗಳಲ್ಲಿ ಗಿಡಗಳಿಂದ ಹೊಮ್ಮುವ ತೈಲಾಂಶಗಳನ್ನು ಕಲ್ಲು ಮತ್ತು ಮಣ್ಣು ಹೀರಿಕೊಂಡಿರುತ್ತವೆ. ಮಣ್ಣಿನ ಸೂಕ್ಷ್ಮಜೀವಿಗಳು ತಯಾರಿಸುವ ಜಿಯೋಸ್ಮಿನ್ ಎಂಬ ವಸ್ತುವೂ ಅದರೊಂದಿಗೆ ಸೇರಿರುತ್ತದೆ. ಹನಿ ನೆಲಕ್ಕೆ ಬಡಿದಾಗ ಮಣ್ಣಿನ ರಂಧ್ರಗಳಲ್ಲಿದ್ದ ಗಾಳಿ ಸಣ್ಣ ಗುಳ್ಳೆಗಳಾಗಿ ಮೇಲೆದ್ದು ಒಡೆದು, ಈ ಪರಿಮಳವನ್ನು ತುಂತುರಿನಲ್ಲಿ ಹೊತ್ತು ತರುತ್ತದೆ. ಸುರಿಮಳೆಗಿಂತ ಹಗುರವಾದ ಮಳೆಯಲ್ಲೇ ಇದು ಹೆಚ್ಚಾಗಿ ನಡೆಯುತ್ತದೆ. ಹೀಗಾಗಿ ವಾಸನೆ ಬೇಕಿದ್ದವರು ಮೊದಲ ಹನಿಗಳ ಹೊತ್ತಿಗೆ ಅಂಗಳದಲ್ಲಿಯೇ ನಿಂತಿದ್ದರೆ ಸಾಕು, ಜಾರುವ ರಸ್ತೆಗೆ ಇಳಿಯಬೇಕಿಲ್ಲ.

ನನ್ನ ಮಟ್ಟಿಗೆ, ರಾತ್ರಿಯೆಲ್ಲ ಮಳೆ ಸುರಿದು ಬೆಳಗಿಗೆ ನಿಂತ ದಿನವೇ ಹೊರಡಲು ಯೋಗ್ಯ. ಎರಡನೆಯ ಹದಮಳೆ ಆಗುವವರೆಗೆ ಕಾಯುವ ತಾಳ್ಮೆ ಇದ್ದರೆ ಇನ್ನೂ ಒಳ್ಳೆಯದು. ಅಷ್ಟರಲ್ಲಿ ರಸ್ತೆಯೂ ಗಾಳಿಯೂ ತೊಳೆದುಹೋಗಿರುವುದರಿಂದ ದೂರದ ಬೆಟ್ಟದ ಸಾಲು ಸ್ಪಷ್ಟವಾಗಿ ಕಾಣುತ್ತದೆ. ಹಸಿರನ್ನೇ ನೋಡಬೇಕೆಂದಿದ್ದರೆ ಒಂದು ವಾರ ಬಿಟ್ಟು ಹೋಗಬೇಕು. ಮಳೆಯ ಮರುದಿನ ಕಾಣುವುದು ಹಸಿ ಮಣ್ಣಿನ ಗಾಢ ಬಣ್ಣ ಮಾತ್ರ, ಹುಲ್ಲು ಚಿಗುರಲು ಕೆಲವು ದಿನಗಳು ಬೇಕು. ಕಾಮನಬಿಲ್ಲಿನ ಆಸೆಯಿದ್ದರೆ ಬಿಸಿಲು ಮಳೆ ಕೂಡಿದ ಸಂಜೆಯಲ್ಲಿ ಸೂರ್ಯನಿಗೆ ಬೆನ್ನು ಮಾಡಿ ಪೂರ್ವ ದಿಕ್ಕನ್ನು ನೋಡಬೇಕು. ಸೂರ್ಯ ದಿಗಂತದಿಂದ 42 ಡಿಗ್ರಿಗಿಂತ ಮೇಲಿರುವಾಗ ಸಮತಟ್ಟು ನೆಲದಲ್ಲಿ ನಿಂತವರಿಗೆ ಅದು ಕಾಣಿಸುವುದೇ ಇಲ್ಲ, ಹಾಗಾಗಿ ನಡುಹಗಲಿನಲ್ಲಿ ಹುಡುಕಿ ಪ್ರಯೋಜನವಿಲ್ಲ.

ಕಾರಿನ ತಯಾರಿಯಲ್ಲಿ ಮೊದಲು ನೋಡಬೇಕಾದದ್ದು ವೈಪರ್. ಬಿಸಿಲಿಗೆ ಒಣಗಿ ಗಡುಸಾದ ಅದರ ರಬ್ಬರು ನೀರನ್ನು ಸರಿಸುವ ಬದಲು ಗಾಜಿನ ಮೇಲೆ ಗೆರೆ ಎಳೆಯುತ್ತದೆ, ಮತ್ತು ಇದು ಗೊತ್ತಾಗುವುದು ಸಾಮಾನ್ಯವಾಗಿ ಮಳೆಯ ನಡುವೆಯೇ. ಧೂಳು ಕೂತ ಗಾಜಿನ ಮೇಲೆ ಒಣ ವೈಪರ್ ಆಡಿಸಿದರೆ ಗಾಜಿಗೆ ಗೀರು ಬೀಳುತ್ತದೆಯಾದ್ದರಿಂದ ಮೊದಲು ನೀರು ಸುರಿದು ತೊಳೆಯಬೇಕು. ಟೈರಿನ ಅಚ್ಚಿನ ಆಳ 1.6 ಮಿಲಿಮೀಟರಿಗೆ ಇಳಿದಿದ್ದರೆ ಆ ಟೈರಿನ ಆಯುಷ್ಯ ಮುಗಿದಂತೆ. ಆದರೆ ಆಳ 3 ಮಿಲಿಮೀಟರಿಗಿಂತ ಕಡಿಮೆಯಾದಾಗಲೇ ಒದ್ದೆ ರಸ್ತೆಯಲ್ಲಿ ಹಿಡಿತ ಕುಗ್ಗತೊಡಗುವುದರಿಂದ ಅಂಥ ಟೈರಿನೊಂದಿಗೆ ಮಳೆಗಾಲದ ಸುತ್ತಾಟಕ್ಕೆ ಹೋಗದಿರುವುದೇ ಮೇಲು. ಹವೆ ತಂಪಾದಾಗ ಟೈರಿನ ಗಾಳಿಯ ಒತ್ತಡವೂ ಇಳಿಯುತ್ತದೆ. ಉಷ್ಣತೆ ಹತ್ತು ಡಿಗ್ರಿ ಸೆಲ್ಸಿಯಸ್ ಕುಸಿದರೆ ಒತ್ತಡದಲ್ಲಿ ಸುಮಾರು 2 ಪಿಎಸ್‌ಐ ಕಡಿಮೆಯಾಗುತ್ತದೆ. ಆದ್ದರಿಂದ ಬೇಸಿಗೆಯಲ್ಲಿ ತುಂಬಿಸಿದ ಗಾಳಿಯನ್ನೇ ನಂಬಿ ಹೊರಡದೆ ಬೆಳಗ್ಗೆ ಟೈರು ತಣ್ಣಗಿರುವಾಗಲೇ ಪರೀಕ್ಷಿಸಿಕೊಳ್ಳಬೇಕು. ಗಾಜಿನ ಒಳಭಾಗ ಮಂಜಾದರೆ ಎ.ಸಿ. ಹಾಕಿ ಹೊರಗಿನ ಗಾಳಿಯನ್ನು ಒಳಗೆ ಬಿಟ್ಟುಕೊಳ್ಳಬೇಕು. ಚಾಲನೆಯ ನಡುವೆ ಕೈಯಿಂದ ಒರೆಸುತ್ತ ಕೂರಬಾರದು.

ರಸ್ತೆಯಲ್ಲಿ ವೇಗ ತಗ್ಗಿಸಬೇಕೆಂಬುದನ್ನು ಎಲ್ಲರೂ ಬಲ್ಲರು. ಎಷ್ಟು ಎಂಬುದರಲ್ಲಿ ಎಡವುತ್ತಾರೆ. ಒಣ ರಸ್ತೆಯಲ್ಲಿ ಮುಂದಿನ ವಾಹನಕ್ಕೂ ನಮಗೂ ಎರಡು ಸೆಕೆಂಡಿನ ಅಂತರ ಸಾಕೆನ್ನುವುದಾದರೆ ಒದ್ದೆ ರಸ್ತೆಯಲ್ಲಿ ನಾಲ್ಕು ಸೆಕೆಂಡು ಬೇಕು. ಮುಂದಿನ ವಾಹನ ಒಂದು ಮರವನ್ನು ದಾಟಿದ ಕ್ಷಣದಿಂದ ಎಣಿಸುತ್ತ ಹೋಗಿ, ನಾಲ್ಕು ಎನ್ನುವ ಮೊದಲೇ ನಾವು ಆ ಮರವನ್ನು ತಲುಪಿದರೆ ಅಂತರ ಸಾಲದೆಂದು ತಿಳಿಯಬೇಕು. ರಸ್ತೆಯ ಮೇಲೆ ನೀರು ನಿಂತಿರುವಲ್ಲಿ ಟೈರು ನೀರಿನ ಪದರದ ಮೇಲೇರಿ ತೇಲಬಹುದು. 30 ಪಿಎಸ್‌ಐ ಗಾಳಿ ಇರುವ ಟೈರು ಗಂಟೆಗೆ ಸುಮಾರು 90 ಕಿಲೋಮೀಟರ್ ವೇಗದಲ್ಲಿ ಪೂರ್ತಿ ತೇಲತೊಡಗುತ್ತದೆ ಎಂಬ ಲೆಕ್ಕವಿದೆ. ಟೈರು ಸವೆದಿದ್ದರೆ ಅದಕ್ಕಿಂತ ಕಡಿಮೆ ವೇಗದಲ್ಲಿಯೇ ಹಿಡಿತ ತಪ್ಪುತ್ತದೆ. ಸ್ಟೇರಿಂಗ್ ಇದ್ದಕ್ಕಿದ್ದಂತೆ ಹಗುರವಾದಂತೆ ಕಂಡರೆ ಬ್ರೇಕ್ ತುಳಿಯದೆ ಎಕ್ಸಲೇಟರಿನಿಂದ ಕಾಲು ತೆಗೆದು ಸ್ಟೇರಿಂಗನ್ನು ನೇರವಾಗಿ ಹಿಡಿದುಕೊಳ್ಳಬೇಕು.

ಹಳ್ಳಿದಾರಿಯ ನಿಜವಾದ ಮೋಸ ಇರುವುದು ಅಂಚಿನಲ್ಲಿ. ಕಿರಿದಾದ ರಸ್ತೆಯಲ್ಲಿ ಎದುರಿನಿಂದ ಲಾರಿಯೋ ಟ್ರ್ಯಾಕ್ಟರೋ ಬಂದಾಗ ಎರಡು ಗಾಲಿಗಳನ್ನು ಮಣ್ಣಿಗಿಳಿಸಿ ದಾರಿ ಬಿಡುವುದು ಬೇಸಿಗೆಯಲ್ಲಿ ರೂಢಿಯಾಗಿರುತ್ತದೆ. ಮಳೆಯ ಮರುದಿನ ಅದೇ ಅಂಚು ನೋಡಲು ಗಟ್ಟಿಯಾಗಿದ್ದರೂ ಭಾರ ಬಿದ್ದೊಡನೆ ಕುಸಿಯುತ್ತದೆ. ಇಂಥಲ್ಲಿ ದೂರದಿಂದಲೇ ಎದುರಿನ ವಾಹನವನ್ನು ಗಮನಿಸಿ, ರಸ್ತೆ ಅಗಲವಾಗಿರುವ ಕಡೆ ನಿಂತು ಕಾಯುವುದೇ ಜಾಣತನ. ಮಣ್ಣಿನ ಗುಣವನ್ನೂ ನೋಡಿಕೊಳ್ಳಬೇಕು. ಮರಳು ಬೆರೆತ ಮಣ್ಣು ನೀರನ್ನು ಬೇಗ ಇಂಗಿಸಿಕೊಳ್ಳುವುದರಿಂದ ಮಳೆ ನಿಂತ ಕೆಲವು ಗಂಟೆಗಳಲ್ಲಿ ಅದರ ಮೇಲೆ ಹೋಗಬಹುದು. ಎರೆಮಣ್ಣಿನ ಜೇಡಿಯಾದರೋ ನೀರು ಕುಡಿದು ಉಬ್ಬಿ, ಗಾಲಿಗೆ ಮೆತ್ತಿಕೊಂಡು, ಟೈರಿನ ಅಚ್ಚನ್ನೆಲ್ಲ ತುಂಬಿಬಿಡುತ್ತದೆ. ಎರೆಯ ಬಂಡಿದಾರಿಗೆ ಮಳೆಯಾದ ಮರುದಿನ ಸಾಮಾನ್ಯ ಕಾರನ್ನು ಇಳಿಸುವುದು ಬೇಡವೇ ಬೇಡ.

ಹಾಗಿದ್ದೂ ಗಾಲಿ ಹೂತರೆ, ಎಕ್ಸಲೇಟರ್ ಒತ್ತಿದಷ್ಟೂ ಗುಂಡಿ ಆಳವಾಗುತ್ತದೆ ಎಂಬುದನ್ನು ನೆನಪಿಡಬೇಕು. ಕೆಳಗಿಳಿದು ಗಾಲಿಯ ಮುಂದಿನ ಕೆಸರನ್ನು ಬಗೆದು ತೆಗೆದು, ಚಪ್ಪಟೆ ಕಲ್ಲು, ಒಣ ಕಡ್ಡಿ, ಅದೂ ಸಿಗದಿದ್ದರೆ ಕಾರಿನ ಕಾಲುಹಾಸನ್ನು ಗಾಲಿಯಡಿ ಒತ್ತಿ ಇಟ್ಟು, ಎರಡನೆಯ ಗೇರಿನಲ್ಲಿ ಕ್ಲಚ್ಚನ್ನು ನಿಧಾನವಾಗಿ ಬಿಡುತ್ತ ಹೊರಬರಲು ಯತ್ನಿಸಬೇಕು. ತಿರುಗುವ ಗಾಲಿ ಕಲ್ಲನ್ನೂ ಕಡ್ಡಿಯನ್ನೂ ಹಿಂದಕ್ಕೆ ಎಸೆಯಬಲ್ಲದಾದ್ದರಿಂದ ಕಾರು ತಳ್ಳುವವರು ಗಾಲಿಯ ನೇರಕ್ಕೆ ನಿಲ್ಲಬಾರದು.

ರಸ್ತೆಗೆ ಅಡ್ಡವಾಗಿ ಹರಿಯುವ ನೀರಿನ ವಿಷಯದಲ್ಲಿ ಯಾವ ರಿಯಾಯಿತಿಯೂ ಬೇಡ. ಬಹುಕಾಲ ಒಣಗಿ ಮೇಲ್ಪದರ ಗಟ್ಟಿಯಾದ ನೆಲ ಮೊದಲ ಮಳೆಯನ್ನು ಚೆನ್ನಾಗಿ ಹೀರಿಕೊಳ್ಳುವುದಿಲ್ಲ. ನೀರು ಮೇಲ್ಮೈಯಲ್ಲಿಯೇ ಓಡಿ ಹಳ್ಳಗಳನ್ನು ಸೇರುತ್ತದೆ. ಆದ್ದರಿಂದ ನಿನ್ನೆಯವರೆಗೆ ಬತ್ತಿದ್ದ ಹಳ್ಳ ಇಂದು ರಸ್ತೆಯ ಮೇಲೆ ಹರಿಯಬಹುದು. ನಾವಿರುವಲ್ಲಿ ಬಿಸಿಲಿದ್ದು ಮೇಲ್ಗಡೆಯ ಗುಡ್ಡದಲ್ಲಿ ಮಳೆಯಾಗಿದ್ದರೂ ನೀರು ಏರಬಹುದು. ಸುಮಾರು 15 ಸೆಂಟಿಮೀಟರ್ ಆಳದ ನೀರೇ ಸಣ್ಣ ಕಾರಿನ ತಳ ಮುಟ್ಟಿ ಹಿಡಿತ ತಪ್ಪಿಸಬಲ್ಲದು. 30 ಸೆಂಟಿಮೀಟರ್ ನೀರಿನಲ್ಲಿ ಅನೇಕ ಕಾರುಗಳು ತೇಲುತ್ತವೆ. ರಭಸದಿಂದ ಹರಿಯುವ 60 ಸೆಂಟಿಮೀಟರ್ ನೀರು ಎತ್ತರದ ಜೀಪುಗಳನ್ನೂ ಎಳೆದೊಯ್ಯುತ್ತದೆ. ಕೆಂಪಾದ ನೀರಿನ ಕೆಳಗೆ ಸೇತುವೆಯ ಹಾಸು ಉಳಿದಿದೆಯೋ ಕೊಚ್ಚಿಹೋಗಿದೆಯೋ ಎಂಬುದು ಕಾರಿನಲ್ಲಿ ಕುಳಿತವರಿಗೆ ತಿಳಿಯುವ ಬಗೆಯಿಲ್ಲ. ಬಸ್ಸು ದಾಟಿತೆಂಬುದನ್ನು ಆಧಾರವಾಗಿ ಇಟ್ಟುಕೊಳ್ಳಬಾರದು, ಬಸ್ಸಿನ ತೂಕವೂ ಎತ್ತರವೂ ಬೇರೆ. ಹಿಂದಕ್ಕೆ ತಿರುಗಿ ಬೇರೆ ದಾರಿ ಹಿಡಿಯಬೇಕು, ಇಲ್ಲವೇ ನೀರು ಇಳಿಯುವವರೆಗೆ ಕಾಯಬೇಕು. ನಿಂತ ನೀರಿನಲ್ಲಿ ಎಂಜಿನ್ ತಾನಾಗಿ ನಿಂತುಹೋದರೆ ಮತ್ತೆ ಚಾಲೂ ಮಾಡಲು ಯತ್ನಿಸಬಾರದು. ಒಳಗೆ ನೀರು ಸೇರಿದ್ದರೆ ಒಂದೇ ಯತ್ನದಲ್ಲಿ ಎಂಜಿನ್ನಿನ ಒಳಭಾಗ ಬಾಗಿ ಹಾಳಾಗುತ್ತದೆ.

ಕಾರು ನಿಲ್ಲಿಸುವ ಜಾಗದ ಬಗ್ಗೆ ಪಟ್ಟಣದವರು ಅಷ್ಟಾಗಿ ಯೋಚಿಸುವುದಿಲ್ಲ. ಮಳೆ ಬಿದ್ದು ಮಣ್ಣು ಹದಕ್ಕೆ ಬಂದಿರುವ ದಿನಗಳು ರೈತರಿಗೆ ವರ್ಷದ ಅತ್ಯಂತ ಅವಸರದ ದಿನಗಳು. ಹದ ಆರುವ ಮೊದಲೇ ಉಳುಮೆಯೋ ಬಿತ್ತನೆಯೋ ಆಗಬೇಕು. ಹೊಲದ ದಾರಿಗೆ ಅಡ್ಡವಾಗಿ ಕಾರು ನಿಲ್ಲಿಸಿ ಫೋಟೊ ತೆಗೆಯುತ್ತ ನಿಂತರೆ ಒಂದು ಟ್ರ್ಯಾಕ್ಟರಿನ ಕೆಲಸ ಕೆಡುತ್ತದೆ. ಹಸಿ ಹೊಲದ ಮೇಲೆ ಗಾಲಿ ಹಾಯಿಸಿದರೆ ಮಣ್ಣು ಒತ್ತಿ ಬಿಗಿಯಾಗಿ ಬೇರಿಗೂ ನೀರಿಗೂ ದಾರಿ ಮುಚ್ಚುತ್ತದೆ. ನಡೆಯಬೇಕಿದ್ದರೆ ಬದುವಿನ ಮೇಲೆ, ಅದೂ ಅಲ್ಲಿದ್ದವರನ್ನು ಕೇಳಿ ನಡೆಯಬೇಕು. ಹಿಂದಿರುಗುವ ಟ್ರ್ಯಾಕ್ಟರುಗಳು ಡಾಂಬರಿನ ಮೇಲೆ ಉದುರಿಸಿದ ಕೆಸರಿನ ಹೆಂಟೆಗಳು ತಿರುವಿನಲ್ಲಿ ಎದುರಾದರೆ ದ್ವಿಚಕ್ರದವರಿಗೆ ವಿಶೇಷವಾಗಿ ಅಪಾಯ.

ಗುಡುಗು ಕೇಳಿಸಿದರೆ ಮರದಡಿ ನಿಲ್ಲದೆ, ಕಿಟಕಿ ಮುಚ್ಚಿ, ಲೋಹದ ಚಾವಣಿಯ ಕಾರಿನಲ್ಲೇ ಕುಳಿತಿರಬೇಕು. ಒಣಗಿ ಬಲಗುಂದಿದ ಕೊಂಬೆಗಳು ಗಾಳಿಮಳೆಗೆ ಮುರಿಯುವುದರಿಂದ ಕಾರನ್ನೂ ಹಳೆಯ ಮರಗಳಿಂದ ದೂರವಿಡುವುದು ಲೇಸು. ಕತ್ತಲಾದ ಮೇಲೆ ಕಪ್ಪೆಗಳು ರಸ್ತೆಗೆ ಬರುತ್ತವೆ, ರೆಕ್ಕೆಯ ಗೆದ್ದಲುಗಳು ದೀಪಕ್ಕೆ ಮುತ್ತಿ ಗಾಜಿಗೆ ಅಂಟುತ್ತವೆ. ಬೆಳಕಿರುವಾಗಲೇ ಮರಳಿದರೆ ಅವುಗಳಿಗೂ ನಮಗೂ ಹಿತ.

ನೀರಿನಲ್ಲಿ ಹಾದುಬಂದಿದ್ದರೆ, ಹಿಂದೆ ವಾಹನವಿಲ್ಲದಾಗ ನಿಧಾನವಾಗಿ ಸಾಗುತ್ತ ಬ್ರೇಕನ್ನು ಕೆಲವು ಸಲ ಹಗುರವಾಗಿ ಒತ್ತಿ ಒಣಗಿಸಿಕೊಳ್ಳಬೇಕು. ಮನೆ ತಲುಪಿದ ಮೇಲೆ ಗಾಲಿಯ ಒಳಬದಿ ಮತ್ತು ಕಾರಿನ ತಳದ ಕೆಸರನ್ನು ಅದು ಒಣಗುವ ಮೊದಲೇ ತೊಳೆಯಬೇಕು. ಗಾಲಿಯ ಒಳಬದಿಗೆ ಒಂದೆಡೆ ಮೆತ್ತಿ ಒಣಗಿದ ಮಣ್ಣು ಸಮತೋಲ ತಪ್ಪಿಸುವುದರಿಂದ ಮುಂದಿನ ಪ್ರಯಾಣದಲ್ಲಿ ಸ್ಟೇರಿಂಗ್ ನಡುಗುತ್ತದೆ. ಮರುದಿನ ಬೆಳಗ್ಗೆ ಮೊದಲ ಬಾರಿ ಬ್ರೇಕ್ ಒತ್ತಿದಾಗ ಕರಕರ ಸದ್ದು ಕೇಳಿಸಿದರೆ ಅದು ರಾತ್ರಿಯಿಡೀ ಡಿಸ್ಕಿನ ಮೇಲೆ ಕೂತ ತೆಳು ತುಕ್ಕು. ನಾಲ್ಕಾರು ಬಾರಿ ಬ್ರೇಕ್ ಹಿಡಿದರೆ ಹೋಗುತ್ತದೆ, ಹೋಗದಿದ್ದರೆ ಮೆಕ್ಯಾನಿಕ್‌ಗೆ ತೋರಿಸಬೇಕು.